ಪ್ರತಿಭಟನೆಗೆ ಹನ್ನೆರಡು ಕುರ್ಚಿ

ನನ್ನ ಕೌಂಟರಿನ ಎದುರು ಏನೂ ತಮಾಷೆ ನಡೀಲಿಲ್ಲ ಅಂದ್ರೆ ಅವತ್ತು ಕಾಲೇಜಿಗೆ ರಜಾ ಅಂತಲೇ ಅರ್ಥ. ಕೆಲಸ ಏನು ಮಹಾ ದೊಡ್ಡದಲ್ಲ. ಎವರ್‌ಗ್ರೀನ್ ಬಡಾವಣೆಯ ಮನೆಯಿಂದ ಫ್ರೀವೇ ಹಿಡಿದು ಹೋಗಿ, ಒಂದು ಸರ್ಕಾರಿ ಕಾಲೇಜಿನಲ್ಲಿ ಸಭಾಂಗಣ, ಲಾನು, ಮೈಕು, ಕುರ್ಚಿ ಯಾರಿಗೆ ಯಾವತ್ತು ಅಂತ ಬರೆದು ಕೊಡೋದು. ಯೋಗದವರು, ಚೆಸ್‌ನವರು, ಬೆಕ್ಕು ಸಾಕೋರ ಸಂಘದವರು, ಎಲ್ಲರೂ ನನ್ನ ಹತ್ತಿರಾನೇ ಬರಬೇಕು. ಆದರೆ ಹೋದ ಸೆಮಿಸ್ಟರಿನಲ್ಲಿ ನಾನು ನಕ್ಕಷ್ಟು, ಹಾಗೇ ಕಣ್ಣೊರೆಸಿಕೊಂಡಷ್ಟು, ಇಷ್ಟು ವರ್ಷದ ಸರ್ವೀಸಿನಲ್ಲಿ ಯಾವತ್ತೂ ಇಲ್ಲ.

೧. ಫಾರ್ಮು

ಒಂದು ಮಧ್ಯಾಹ್ನ ಮೂರು ಜನ ಹುಡುಗೀರು ಬಂದರು. ಮುಂದೆ ನಿಂತವಳ ಹೆಗಲ ಮೇಲೆ ಕಪ್ಪು ಬಿಳುಪಿನ ಚೌಕುಳಿ ಶಾಲು.

"ಮ್ಯಾಮ್, ಲಾನಿನ ಮೇಲೆ ಪ್ರತಿಭಟನೆ ಮಾಡಬೇಕು. ಪರ್ಮಿಷನ್ ಬೇಕಿತ್ತು."

ನನಗೆ ನಗು ತಡೆಯಕ್ಕಾಗಲಿಲ್ಲ. ನಾನು ಹುಟ್ಟಿ ಬೆಳೆದದ್ದು ಬೆಂಗಳೂರಿನಲ್ಲಿ. ಅಲ್ಲಿ ಮೊದಲು ರಸ್ತೆ ಮೇಲೆ ಟೈರು ಸುಡ್ತಾರೆ, ಆಮೇಲೆ ಯಾಕೆ ಅಂತ ಯೋಚನೆ ಮಾಡ್ತಾರೆ. ಇಲ್ಲಿ ನೋಡಿದರೆ, ನಾವು ಜಗಳ ಆಡ್ತೀವಿ, ದಯವಿಟ್ಟು ಸೀಲು ಹಾಕಿ ಕೊಡಿ ಅಂತಿದ್ದಾರೆ!

"ಯಾತಕ್ಕಮ್ಮಾ ಪ್ರತಿಭಟನೆ?" ಅಂದೆ.

ಹುಡುಗಿ ನೆಟ್ಟಗೆ ವಿಷಯಕ್ಕೆ ಬಂದಳು. ಕಾಲೇಜಿನ ನಿಧಿಯನ್ನ ಹೂಡಿಕೆ ಮಾಡಿರೋ ಕಂಪನಿಗಳಲ್ಲಿ ಗಾಜಾದ ಮೇಲೆ ಬೀಳೋ ಬಾಂಬಿನ ಭಾಗಗಳನ್ನ ಮಾಡೋವೂ ಇವೆ. ಆ ಹಣ ಅಲ್ಲಿಂದ ವಾಪಸ್ ತೆಗೀಬೇಕು. ಅದಕ್ಕೆ ಕಾಲೇಜು ನಡೆಸೋ ಟ್ರಸ್ಟಿಗಳು ಈ ವಿಷಯವನ್ನ ಸಭೆಯ ಅಜೆಂಡಾಕ್ಕೆ ಸೇರಿಸಬೇಕು. ಎರಡು ವರ್ಷದಿಂದ ಕೇಳ್ತಾನೇ ಇದ್ದಾರೆ, ಸೇರಿಸಿಲ್ಲ.

"ನನ್ನ ಚಿಕ್ಕಮ್ಮನ ಮನೆ ಅಲ್ಲಿತ್ತು. ಈಗ ಮನೆಯೂ ಇಲ್ಲ, ಚಿಕ್ಕಮ್ಮನೂ ಇಲ್ಲ" ಅಂದಳು. ಬಸ್ಸಿನ ಟೈಮು ಹೇಳೋ ಹಾಗೆ ಹೇಳಿದಳು.

ನಗು ಬಿಟ್ಟು ಫಾರ್ಮು ತುಂಬಿಸಿಕೊಳ್ಳಕ್ಕೆ ಕೂತೆ. "ಎಷ್ಟು ಜನ ಸೇರ್ತೀರಿ?"

"ಐನೂರು."

"ಕುರ್ಚಿ ಎಷ್ಟು?"

ಮೂವರೂ ತಲೆ ಸೇರಿಸಿ ಗುಸುಗುಸು ಮಾತಾಡಿಕೊಂಡರು. "ಹನ್ನೆರಡು."

"ಮಿಕ್ಕಿದವರು?"

"ನಿಂತ್ಕೋತಾರೆ ಮ್ಯಾಮ್. ಪ್ರತಿಭಟನೆ ಅಲ್ವಾ?"

೨. ಗೊತ್ತಿಲ್ಲದವರು

ಆ ಮೂವರಲ್ಲಿ ಹಿಂದೆ ಅಡಗಿ ನಿಂತಿದ್ದವಳು ನನ್ನ ಮಗಳು.

ಕಾಲೇಜಿಗೆ ಸೇರಿದ ದಿನವೇ ಅವಳು ನನಗೆ ತಾಕೀತು ಮಾಡಿದ್ದಳು: "ಅಮ್ಮಾ, ಕ್ಯಾಂಪಸ್ಸಲ್ಲಿ ನಾನು ನಿಂಗೆ ಗೊತ್ತಿಲ್ಲ. ಓಕೆ?" ಓಕೆ ಅಂದಿದ್ದೆ. ಈಗ ಗುಂಪಿನ ಪರವಾಗಿ ಫಾರ್ಮಿಗೆ ಸಹಿ ಹಾಕಬೇಕಾದವಳು ಅವಳೇ.

"ಐಡಿ ಕಾರ್ಡ್ ತೋರಿಸಮ್ಮ" ಅಂದೆ.

ಬ್ಯಾಗೆಲ್ಲ ತಡಕಾಡಿದಳು. "ಮರೆತು ಬಂದಿದೀನಿ, ಮ್ಯಾಮ್."

"ಹಾಗಾದ್ರೆ ಆಗಲ್ಲಮ್ಮಾ. ರೂಲ್ಸು."

ಅವಳ ಮುಖ ಕೆಂಪಾಯಿತು. "ಪ್ಲೀಸ್, ಮ್ಯಾಮ್! ನಾನು ಯಾರು ಅಂತ ನಿಮಗೆ..." ಅಂದು ಅಲ್ಲಿಗೇ ನಾಲಿಗೆ ಕಚ್ಚಿಕೊಂಡಳು.

ಪಾಪ ಅನ್ನಿಸಿತು. ಎಷ್ಟಾದರೂ ಹೆತ್ತ ಕರುಳು. "ನೋಡಮ್ಮ, ಊಟದ ಟೇಬಲ್ ಮೇಲೆ ಉಪ್ಪಿನಕಾಯಿ ಜಾಡಿ ಪಕ್ಕದಲ್ಲಿ ಇರಬಹುದು" ಅಂದೆ.

ಶಾಲಿನ ಹುಡುಗಿ ಬೆರಗಾಗಿ ನನ್ನೇ ನೋಡಿದಳು. "ವಾವ್! ಇದನ್ನೂ ನಿಮ್ಮ ಕಂಪ್ಯೂಟರ್ ಹೇಳುತ್ತಾ?"

೩. ಮೊಟ್ಟೆ

ನಮ್ಮನೆಯವರಿಗೆ ವಿಷಯ ಗೊತ್ತಾಗಿದ್ದು ಊಟದ ಹೊತ್ತಿನಲ್ಲಿ. ಭಾಷಣ ಶುರುವಾಯಿತು. ನಿನ್ನನ್ನ ಕಳಿಸಿದ್ದು ಓದಕ್ಕೆ, ಟೆಂಟು ಹಾಕಕ್ಕಲ್ಲ, ಊರ ಉಸಾಬರಿ ನಮಗ್ಯಾಕೆ, ಇತ್ಯಾದಿ. ಮಗಳು ಅನ್ನ ಸಾರು ಮುಗಿಸಿದಳು. ಆಮೇಲೆ ಇಂಗ್ಲಿಷಿನಲ್ಲಿ ಕೇಳಿದಳು: "ಅಪ್ಪಾ, ನಿನ್ನ ರಿಟೈರ್‌ಮೆಂಟ್ ದುಡ್ಡು ಯಾವ ಯಾವ ಕಂಪನೀಲಿದೆ?"

"ಫಂಡಲ್ಲಿದೆ."

"ಆ ಫಂಡ್ ಒಳಗೆ ಏನಿದೆ?"

ನಮ್ಮನೆಯವರು ಅಂಗಡಿಯಲ್ಲಿ ಪ್ರತಿ ಬಿಸ್ಕತ್ ಪ್ಯಾಕೆಟ್ಟನ್ನೂ ತಿರುಗಿಸಿ, ಕನ್ನಡಕ ಮೇಲೆ ಕೆಳಗೆ ಮಾಡಿ, ಮೊಟ್ಟೆ ಹಾಕಿದ್ದಾರಾ ಅಂತ ಓದೋ ಮನುಷ್ಯ. ಹಿಂದೆ ಕ್ಯೂ ನಿಂತವರು ಶಾಪ ಹಾಕಿದರೂ ಬಿಡಲ್ಲ.

"ಬಿಸ್ಕತ್ತಿಗೆ ಅಷ್ಟು ಓದ್ತೀಯ, ಇದನ್ನ ಓದೇ ಇಲ್ವಾ?" ಅಂದಳು ಮಗಳು.

ರೋಷಕ್ಕೆ ಎದ್ದು ಹೋಗಿ ಲ್ಯಾಪ್‌ಟಾಪ್ ತೆಗೆದರು. ನಾನು ಪಾತ್ರೆ ತೊಳೆದು, ಒಲೆ ಒರೆಸಿ, ಹಾಲಿಗೆ ಹೆಪ್ಪು ಹಾಕಿದರೂ ಅವರು ಓದ್ತಾನೇ ಇದ್ದರು. ಹೋಗಿ ಇಣುಕಿದೆ. "ಏನಂದ್ರೆ, ಮೊಟ್ಟೆ ಇದೆಯಾ?"

ಕನ್ನಡಕ ತೆಗೆದು ಟೇಬಲ್ ಮೇಲಿಟ್ಟರು. "ಮೊಟ್ಟೆ ಏನು ಬಂತು, ಕೋಳಿ ಫಾರಮ್ಮೇ ಇದೆ ಕಣೇ."

೪. ಫಲಾಹಾರ

ಲಾನಿನ ಮೇಲೆ ಟೆಂಟು ಬಂತು, ಹನ್ನೆರಡು ಕುರ್ಚಿ ಬಂತು, ಟ್ರಸ್ಟಿಗಳ ಉತ್ತರ ಮಾತ್ರ ಬರಲಿಲ್ಲ. ಮಕ್ಕಳು ಉಪವಾಸ ಕೂತರು.

ಮನೆಗೆ ಬಂದು ಅತ್ತೆಗೆ ಹೇಳಿದೆ. ನಮ್ಮತ್ತೆ ಧಾರವಾಡದವರು, ಏಕಾದಶಿ ತಪ್ಪಿಸಿದವರಲ್ಲ. ಉಪವಾಸದ ವಿಷಯದಲ್ಲಿ ನಮ್ಮನೇಲಿ ಅವರದೇ ಸುಪ್ರೀಂ ಕೋರ್ಟು. "ಬರೇ ಹೊಟ್ಟೀಲೆ ಕುಂಡ್ರಬಾರದವಾ. ಸಾಬೂದಾಣಿ ಖಿಚಡಿ ಮಾಡು, ಮೊಸರವಲಕ್ಕಿ ಕಲಸು, ನಾ ಶೇಂಗಾದ ಉಂಡಿ ಕಟ್ತೀನಿ" ಅಂದರು. ಬೆಳಗ್ಗೆ ದೊಡ್ಡ ದೊಡ್ಡ ನಾಲ್ಕು ಡಬ್ಬಿ ಹೊತ್ತುಕೊಂಡು ಟೆಂಟಿಗೆ ಹೋದೆ.

ಶಾಲಿನ ಹುಡುಗಿ ಎದ್ದು ನಿಂತಳು. ಮುಖ ಬಾಡಿತ್ತು. ಡಬ್ಬಿ ನೋಡಿದಳು, ನನ್ನ ನೋಡಿದಳು. "ಮ್ಯಾಮ್, ನಾವು ಉಪವಾಸ ಇದ್ದೀವಿ."

"ಗೊತ್ತಮ್ಮಾ. ಅದಕ್ಕೇ ಅನ್ನ ತರಲಿಲ್ಲ."

ಮಗಳು ಹಣೆ ಚಚ್ಚಿಕೊಂಡಳು. ಅವರದು ಬರೀ ನೀರಿನ ಉಪವಾಸವಂತೆ, ಪಕ್ಕದಲ್ಲಿ ನರ್ಸ್ ಬೇರೆ ಬಿ.ಪಿ. ನೋಡ್ತಾ ಇದ್ದರು. ನಾಚಿಕೆಯಾಗಿ ಡಬ್ಬಿಗಳನ್ನ ಗೇಟಿನ ಸೆಕ್ಯುರಿಟಿಯವನಿಗೆ ಕೊಟ್ಟು ಬಂದೆ.

ಐದನೇ ದಿನ ಕಾಲೇಜಿನ ಪ್ರೆಸಿಡೆಂಟರು, ಅಂದ್ರೆ ನಮ್ಮೂರ ಪ್ರಿನ್ಸಿಪಾಲ್ ಇದ್ದ ಹಾಗೆ, ಬಂದು, ಟ್ರಸ್ಟಿಗಳ ಮುಂದಿನ ಸಭೆಗೆ ನೀವು ಬಂದು ಮಾತಾಡಿ, ಅವರಿಗೆ ಮನಸ್ಸಾದರೆ ಅಜೆಂಡಾಕ್ಕೆ ಸೇರಿಸ್ತಾರೆ ಅಂದರು. ಮಕ್ಕಳು ಕಿತ್ತಳೆ ರಸ ಕುಡಿದು ಉಪವಾಸ ಬಿಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ಸೆಕ್ಯುರಿಟಿಯವನು ಮಾತ್ರ ಖಾಲಿ ಡಬ್ಬಿ ವಾಪಸ್ ಕೊಡ್ತಾ ಮೆಲ್ಲಗೆ ಕೇಳಿದ: "ಇವರ ಮುಂದಿನ ಉಪವಾಸ ಯಾವಾಗ?"

೫. ಕೈ ಎತ್ತಿ

ಸಭೆಯ ದಿನ ಟೈಮ್ ನೋಡಿಕೊಳ್ಳೋ ಮನುಷ್ಯನಿಗೆ ಜ್ವರ. ಗಡಿಯಾರ, ಗಂಟೆ, ಕೈ ಎಣಿಸೋ ಕೆಲಸ, ಎಲ್ಲ ನನ್ನ ತಲೆಗೆ ಬಂತು.

ಮಾತಾಡೋರು ಜಾಸ್ತಿ ಅಂತ ಟ್ರಸ್ಟಿಗಳ ಅಧ್ಯಕ್ಷರು ಒಬ್ಬೊಬ್ಬರಿಗೆ ಒಂದೇ ನಿಮಿಷ ಅಂದರು. ಕೊನೆಗೆ ಶಾಲಿನ ಹುಡುಗಿ ಬಂದಳು. ಕೈಯಲ್ಲಿ ಒಂದು ಹಾಳೆ. ಚಿಕ್ಕಮ್ಮನ ಮನೆಯವರ ಹೆಸರು ಒಂದೊಂದೇ ಓದಕ್ಕೆ ಶುರು ಮಾಡಿದಳು. ಇವನಿಗೆ ಹದಿನಾಲ್ಕು, ಪಾರಿವಾಳ ಸಾಕ್ತಿದ್ದ. ಇವಳಿಗೆ ಆರು, ಮುಂದಿನ ಹಲ್ಲು ಬಿದ್ದಿದ್ದಕ್ಕೆ ಬಾಯಿ ಮುಚ್ಚಿಕೊಂಡು ನಗ್ತಿದ್ದಳು. ಮೂರನೇ ಹೆಸರಿಗೆ ಒಂದು ನಿಮಿಷ ಮುಗೀತು. ನಾನು ಗಂಟೆ ಹೊಡೀದೆ ಮೂರು ನಾಲ್ಕು ಸೆಕೆಂಡು ಕದ್ದೆ. ಅಧ್ಯಕ್ಷರು ನನ್ನ ಕಡೆ ತಿರುಗಿದರು. ನನ್ನ ಕೈಗೆ ಬೆಂಕಿ ಹಾಕ, ಗಂಟೆ ಹೊಡೆದೆ. ಮೈಕು ಆಫ್ ಆಯಿತು. ಹುಡುಗಿ ಹಾಳೆ ಹಿಡಿದುಕೊಂಡು ಹಾಗೇ ನಿಂತಳು.

"ಇನ್ಯಾರಾದರೂ ಇದ್ದೀರಾ?" ಅಂದರು ಅಧ್ಯಕ್ಷರು.

ಎದ್ದದ್ದು ನಮ್ಮತ್ತೆ! ಮನೇಲಿ ಬೇಜಾರು ಅಂತ ಮೊಮ್ಮಗಳ ಜೊತೆ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. "ಆ ಹುಡುಗೀನ ಪೂರ್ತಿ ಮಾತಾಡಾಕ ಬಿಡಲಿಲ್ಲಲ್ಲ? ನಾ ಮಾತಾಡ್ತೀನಿ, ನೀ ಅವರಿಗೆ ತಿಳಿಸಿ ಹೇಳು" ಅಂತ ನನ್ನ ಮಗಳ ಕೈ ಹಿಡಿದು ಎಳಕೊಂಡೇ ಬಂದರು.

ಬೇರೆ ಭಾಷೆಯಲ್ಲಿ ಮಾತಾಡಿ ಅನುವಾದ ಮಾಡಿಸೋರಿಗೆ ಎರಡರಷ್ಟು ಟೈಮು ಕೊಡಬೇಕು ಅಂತ ನಿಯಮ ಇದೆ. ನನ್ನ ಮುಂದಿದ್ದ ಹಾಳೆಯಲ್ಲೇ ಇತ್ತು, ಗಟ್ಟಿಯಾಗಿ ಓದಿದೆ. ಅತ್ತೆ ಸೆರಗು ಸರಿ ಮಾಡಿಕೊಂಡರು.

"ನಮಸ್ಕಾರ್ರೀ. ಸಣ್ಣ ಸಣ್ಣ ಕೂಸುಗಳು ಸಾಯಾಕತ್ತಾವ. ಆ ರೊಕ್ಕ ಅಲ್ಲಿಂದ ತಗೀರಿ. ಇಷ್ಟ ನೋಡ್ರಿ."

ಹತ್ತು ಸೆಕೆಂಡು. ನನ್ನ ಮಗಳಿಗೆ ಕನ್ನಡ ಪೂರ್ತಿ ಅರ್ಥ ಆಗುತ್ತೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ. ಅವಳು ಗೆಳತಿಯ ಕೈಯಿಂದ ಹಾಳೆ ತಗೊಂಡು ಮೈಕಿನ ಹತ್ತಿರ ಹೋದಳು. "ನಮ್ಮಜ್ಜಿ ಹೇಳ್ತಿರೋದು ಏನಂದ್ರೆ, ಪುಟ್ಟ ಮಕ್ಕಳು ಸಾಯ್ತಿದ್ದಾರೆ. ಆ ಹಣ ವಾಪಸ್ ತೆಗೀರಿ. ಆ ಮಕ್ಕಳ ಹೆಸರು..." ಅಂತ ನಾಲ್ಕನೇ ಹೆಸರಿನಿಂದ ಶುರು ಮಾಡಿ, ಹಾಳೆಯ ಕೊನೇವರೆಗೂ ಓದಿದಳು. ನನಗೆ ಗಡಿಯಾರದ ಅಂಕಿ ಕಾಣದ ಹಾಗೆ ಕಣ್ಣು ತುಂಬಿತ್ತು.

ಅಧ್ಯಕ್ಷರು ಕೇಳಿದರು: "ಅಜ್ಜಿ ಮಾತಾಡಿದ್ದು ಎರಡು ಸಾಲು. ಅನುವಾದ ಇಷ್ಟುದ್ದ?"

"ಬಹಳ ಅಡಕವಾದ ಭಾಷೆ, ಸರ್" ಅಂದಳು ಮಗಳು.

ಅವರು ನನ್ನ ಕಡೆ ತಿರುಗಿದರು. "ನಿಮಗೂ ಆ ಭಾಷೆ ಬರುತ್ತಲ್ವಾ? ಅನುವಾದ ಸರಿ ಇದೆಯಾ?"

ಕೆಲಸ ಹೋದರೆ ಹೋಗಲಿ ಅಂದುಕೊಂಡೆ. "ಅಜ್ಜಿ ಹೇಳಿದ್ದರಲ್ಲಿ ಒಂದಕ್ಷರಾನೂ ಬಿಟ್ಟಿಲ್ಲ, ಸರ್."

ಅದೂ ಸುಳ್ಳೇನಲ್ಲ. ಆದರೂ ಅವರಿಗೆ ಸಮಾಧಾನವಿಲ್ಲ. ಅತ್ತೆಯನ್ನೇ ಕೇಳಿದರು, ಇಂಗ್ಲಿಷಿನಲ್ಲಿ, ಒಂದೊಂದೇ ಪದ ಬಿಡಿಸಿ, ಜೋರಾಗಿ: "ಇವಳು... ಹೇಳಿದ್ದೇ... ನೀವು... ಹೇಳಿದ್ದಾ?"

ಕಥೆ ಮುಗೀತು ಅಂದುಕೊಂಡೆ. ಅತ್ತೆ ಮೈಕು ತಮ್ಮ ಕಡೆ ಬಗ್ಗಿಸಿಕೊಂಡರು. "ಎಸ್. ಸೇಮ್ ಟು ಸೇಮ್."

ಮೊದಲು ನಕ್ಕಿದ್ದು ಅಧ್ಯಕ್ಷರೇ. ಆಮೇಲೆ ನಗು ನಿಲ್ಲಿಸಿ ಶಾಲಿನ ಹುಡುಗಿಯ ಕಡೆ ನೋಡಿದರು. "ಮುಂದಿನ ಸಭೆಯ ಅಜೆಂಡಾಕ್ಕೆ ಇದನ್ನ ಸೇರಿಸೋಣ ಅನ್ನೋರು ಕೈ ಎತ್ತಿ" ಅಂದರು.

ಟ್ರಸ್ಟಿಗಳು ಏಳು ಜನ, ನಾಲ್ಕು ಕೈ ಬೇಕು. ನಾನು ಎದ್ದು ನಿಂತು ಎಣಿಸಿದೆ. ಆರು ಬಂತು. ನಂಬಿಕೆ ಬರದೆ ಕಣ್ಣೊರೆಸಿಕೊಂಡು ಇನ್ನೊಂದು ಸಲ ಎಣಿಸಿದೆ. ನಾಲ್ಕು ಟ್ರಸ್ಟಿಗಳದ್ದು. ಉಳಿದೆರಡೂ ನಮ್ಮತ್ತೆಯದು.