ಏಳು ಗಂಟೆಯ ಅಳಿಯ

ಗೌರೀಶನ ಕಷ್ಟಕ್ಕೆಲ್ಲ ಮೂಲ ರೊಟ್ಟಿ ಬಡಿಯುವ ಸದ್ದು.

ಖಾನಾಪುರದಲ್ಲಿ ಅವನ ಅತ್ತೆ ಶಿವಲಿಂಗವ್ವ ಮನೆಯ ಪಡಸಾಲೆಯಲ್ಲೇ ಖಡಕ್ ರೊಟ್ಟಿ ಮಾಡಿಸಿ ಮಾರುತ್ತಿದ್ದರು. ಓಣಿಯ ಹೆಂಗಸರೆಲ್ಲ ಸಾಲಾಗಿ ಕೂತು ಬಡಿಯತೊಡಗಿದರೆ, ಸಂಜೆಯ ಧಾರಾವಾಹಿಯಲ್ಲಿ ಅತ್ತೆ ಬೈದರೂ ಕೇಳುತ್ತಿರಲಿಲ್ಲ, ಸೊಸೆ ಅತ್ತರೂ ಕೇಳುತ್ತಿರಲಿಲ್ಲ. ಅದಕ್ಕೆಂದೇ ಶಿವಲಿಂಗವ್ವನ ಮಗ ಶಶಿಧರ ಐದು ಸ್ಪೀಕರಿನ ಹೋಮ್ ಥಿಯೇಟರ್ ತಂದು ಕೂಡಿಸಿದ. ಅಲ್ಲಿಗೆ ಸದ್ದಿನ ತೊಂದರೆ ತೀರಿತು, ರಿಮೋಟಿನ ತೊಂದರೆ ಹುಟ್ಟಿತು. ಟಿವಿಗೆ ಕರಿಯದು, ಡಿಶ್ಶಿಗೆ ಬಿಳಿಯದು, ಸೌಂಡಿನ ಡಬ್ಬಿಗೆ ಉದ್ದನೆಯದು, ವಚನದ ಡಿಸ್ಕು ಹಾಕುವ ಪ್ಲೇಯರಿಗೆ ಗಿಡ್ಡದು. ದಿನವೂ ಗೋವಾಕ್ಕೆ ರೊಟ್ಟಿ ಒಯ್ಯುವ ಶಶಿಧರ, ಧಾರಾವಾಹಿಯ ಹೊತ್ತಿಗೆ ಟೆಂಪೋದಲ್ಲಿ ಘಟ್ಟ ಹತ್ತುತ್ತಿರುತ್ತಿದ್ದ. ಅವನ ಫೋನು ಸಿಗುತ್ತಿರಲಿಲ್ಲ. ಹಾಗಾಗಿ ಸಂಜೆ ಏಳಾಯಿತೆಂದರೆ ಬೆಳಗಾವಿಯಲ್ಲಿ ಅಳಿಯನ ಫೋನು ಬಡಿದುಕೊಳ್ಳುತ್ತಿತ್ತು.

"ಅಳಿಯಂದ್ರ, ಟಿವಿ ಹತ್ತವಲ್ದ್ರೀ."

"ಮೊದಲ ಕರಿ ರಿಮೋಟ್ ತಗೋರಿ ಅತ್ತಿಯವರ. ಕೆಂಪ ಗುಂಡಿ ಒತ್ರಿ."

"ಕರೀದು ಯಾವದರೀ? ಎಲ್ಲಾ ಹಿಟ್ಟಾಗ್ಯಾವು."

ಗೌರೀಶ ಆಟೋ ನಗರದಲ್ಲಿ ಲಾರಿಗೆ ಬಾಡಿ ಕಟ್ಟುವ ಶೆಡ್ಡಿನಲ್ಲಿ ಕೆಲಸಕ್ಕಿದ್ದ. ಏಳು ಗಂಟೆಯೆಂದರೆ ಅಲ್ಲಿ ತಯಾರಾದ ಗಾಡಿಗಳನ್ನು ಗಿರಾಕಿಗಳಿಗೆ ಒಪ್ಪಿಸುವ ಹೊತ್ತು. ಒಂದು ಕಡೆ ಗ್ರೈಂಡರು ಕಿರುಚುತ್ತಿರುತ್ತಿತ್ತು, ಇನ್ನೊಂದು ಕಡೆ ಗಿರಾಕಿಗಳು. ನಡುವೆ ಗೌರೀಶ ಒಂದು ಕಿವಿಗೆ ಬೆರಳು ತುರುಕಿಕೊಂಡು "ಅದಲ್ರೀ, ಅದರ ಬಾಜೂದು" ಎಂದು ಕೂಗುತ್ತಿದ್ದ. ವೆಲ್ಡಿಂಗಿನವರು ಅವನನ್ನು ಕಂಡಾಗಲೆಲ್ಲ "ಕೆಂಪ ಗುಂಡಿ ಒತ್ರಿ" ಎಂದು ನಮಸ್ಕಾರ ಹೇಳುವುದನ್ನು ರೂಢಿ ಮಾಡಿಕೊಂಡಿದ್ದರು.

ಶನಿವಾರ ಮಾಲಕ ಭರಮಪ್ಪ ಅವನನ್ನು ಕರೆದ. "ಗೌರೀಶ, ಹೊಸ ಶೆಡ್ಡಿಗೆ ನಿನ್ನ ಮೇಸ್ತ್ರಿ ಮಾಡಬೇಕಂತ ಅದೇನಿ. ಆದ್ರ ಸೋಮವಾರದಿಂದ ಏಳಕ್ಕ ಆ ಫೋನ್ ಬರಬಾರ್ದು ನೋಡಪಾ. ಬಂತಂದ್ರ ಬ್ಯಾರೇದಾವನ್ನ ಹುಡುಕ್ತೇನಿ."

ಫೋನು ಮಾಡಬೇಡಿ ಎಂದು ಅತ್ತೆಗೆ ಹೇಳಲು ಗೌರೀಶನ ನಾಲಿಗೆ ಏಳುತ್ತಿರಲಿಲ್ಲ. ಹೋದ ವರ್ಷ ಕಾಕತಿಯ ಹತ್ತಿರ ಬೈಕಿನಿಂದ ಬಿದ್ದು ಅವನು ಕಾಲು ಮುರಿದುಕೊಂಡಾಗ, ಈ ಶಿವಲಿಂಗವ್ವ ರೊಟ್ಟಿಯ ಕೆಲಸವನ್ನೆಲ್ಲ ಓಣಿಯವರಿಗೆ ಒಪ್ಪಿಸಿ ಬೆಳಗಾವಿಗೆ ಬಂದು ನಿಂತಿದ್ದರು. ಹೆಂಡತಿ ನಾಗರತ್ನಾ ಕೆಲಸಕ್ಕೆ ಹೋದ ಮೇಲೆ ಅವನಿಗೆ ಊಟ, ಔಷಧ, ಹೊರಳಿ ಮಲಗಲು ಆಸರೆ ಎಲ್ಲವೂ ಅವರೇ. ಎರಡು ತಿಂಗಳಲ್ಲಿ ಒಂದು ದಿನವೂ ಮುಖ ಗಂಟಿಕ್ಕಿರಲಿಲ್ಲ. ಹೆತ್ತ ತಾಯಿ ಇದ್ದಿದ್ದರೂ ಇದಕ್ಕಿಂತ ಹೆಚ್ಚು ಮಾಡುತ್ತಿರಲಿಲ್ಲ ಎಂದು ಅವನು ಎಷ್ಟೋ ಸಲ ಅಂದುಕೊಂಡಿದ್ದ. ಅಂಥವರ ಋಣ ತೀರಿಸುವುದಕ್ಕೂ ತನ್ನ ಮೇಸ್ತ್ರಿಗಿರಿ ಉಳಿಸಿಕೊಳ್ಳುವುದಕ್ಕೂ ಒಂದೇ ಉಪಾಯ ಅವನಿಗೆ ಹೊಳೆಯಿತು. ಹೇಳಿಕೊಟ್ಟದ್ದನ್ನು ಕಲಿಯುವಂಥ ಒಂದು ರಿಮೋಟು. ಬೇಕಾದ್ದನ್ನೆಲ್ಲ ಒಮ್ಮೆ ಕಲಿಸಿಬಿಟ್ಟರೆ ಒಂದೇ ಗುಂಡಿಗೆ ಟಿವಿ, ಡಿಶ್ಶು, ಸೌಂಡು ಎಲ್ಲ ಸಾಲಾಗಿ ಹತ್ತುತ್ತವೆ. ಅದನ್ನು ಕೊಂಡು, ರವಿವಾರ ಬೆಳಿಗ್ಗೆ ಖಾನಾಪುರದ ಬಸ್ಸು ಹತ್ತಿದ.

ಓಣಿಯ ಮೂಲೆಯ ಅಂಗಡಿಯಲ್ಲಿ "ಒಂದ ಚಹಾ ಕೊಡ್ರಿ" ಎಂದದ್ದೇ ತಡ, ಅಂಗಡಿಯವನು ತಲೆಯೆತ್ತಿ ಬಾಯಿ ತುಂಬ ನಕ್ಕ. "ಅರೇ, ಜಾವಯಿಬಾಪು! ಅಳಿಯಂದ್ರ! ಕುಂದರ್ರಿ, ಕುಂದರ್ರಿ." ಗೌರೀಶ ಅವನನ್ನು ಹಿಂದೆ ಕಂಡಿರಲಿಲ್ಲ. ಮುಂದೆ ನಳದ ಹತ್ತಿರ "ಸ್ವಲ್ಪ ಸರದ ನಿಲ್ರವ್ವಾ" ಎಂದಾಗ ನೀರು ತುಂಬುತ್ತಿದ್ದ ಇಬ್ಬರು ಹುಡುಗಿಯರು ದನಿ ಕೇಳಿ ಬಾಯಿಗೆ ಸೆರಗು ಒತ್ತಿಕೊಂಡರು. ಖಾನಾಪುರದಲ್ಲಿ ಅಳಿಯಂದಿರಿಗೆ ಇನ್ನೂ ಮರ್ಯಾದೆ ಇದೆ ಎಂದು ಗೌರೀಶ ಹಿಗ್ಗಿದ.

ಶಿವಲಿಂಗವ್ವ ಅಳಿಯನಿಗೆ ನೀರು ಕೊಟ್ಟು, ರಿಮೋಟನ್ನು ಎರಡೂ ಕೈಯಲ್ಲಿ ಇಸಿದುಕೊಂಡರು.

"ನನ್ನ ಸಲುವಾಗಿ ತಂದ್ರೀ? ಯಾಕ ಇಷ್ಟ ತ್ರಾಸ ತಗೊಂಡ್ರಿ?"

"ನೀವು ನನಗ ಮಾಡಿದ್ದರ ಮುಂದ ಇದೇನ್ ದೊಡ್ಡದ್ರಿ, ಅತ್ತಿಯವರ."

ಅವರ ಕಣ್ಣು ತೇವವಾಯಿತು. ಹೊಸದೆಂದು ಅದನ್ನು ದೇವರ ಜಗಲಿಗೆ ಒಯ್ದು, ಕೈಮುಗಿದು, ತಂದುಕೊಟ್ಟರು. ಗೌರೀಶ ಟಿವಿಯ ಮುಂದೆ ಚಾಪೆ ಹಾಸಿ, ನಾಲ್ಕೂ ಹಳೆಯ ರಿಮೋಟುಗಳನ್ನು ಜೋಡಿಸಿಕೊಂಡು ಕೂತ. ಸುತ್ತ ಹಿಟ್ಟಿನ ಧೂಳು ಹಾರುತ್ತಿತ್ತು. ರೊಟ್ಟಿ ಬಡಿಯುವ ಹೆಂಗಸರ ಕಣ್ಣೆಲ್ಲ ಅವನ ಮೇಲಿತ್ತು.

ಕೆಲಸ ಹೇಳುವುದಕ್ಕೆ ಸುಲಭವಿತ್ತು. ಹೊಸ ರಿಮೋಟಿನ ತಲೆಗೆ ಹಳೆಯದರ ತಲೆ ಎದುರಿಡಬೇಕು. ಹಳೆಯದರ ಗುಂಡಿ ಒತ್ತಬೇಕು. ಹೊಸದು ಕಲಿತರೆ ಹಸಿರು ದೀಪ, ಕಲಿಯದಿದ್ದರೆ ಕೆಂಪು. ಗೌರೀಶ ಒತ್ತಿದ. ಕೆಂಪು. ಮತ್ತೆ ಒತ್ತಿದ. ಕೆಂಪು. ಹತ್ತಿರ ಇಟ್ಟ, ದೂರ ಇಟ್ಟ, ಶೆಲ್ಲು ತೆಗೆದು ಹಾಕಿದ. ಎಲ್ಲಕ್ಕೂ ಕೆಂಪು.

"ಕನ್ನಡ ಸಾಲಿಗೆ ಹಾಕಿದ ಮೊದಲನೇ ದಿನಾನ ಯಾರ್ ಕಲೀತಾರ್ರಿ?" ಎಂದಳು ಸಾವಂತ್ರವ್ವ. ರೊಟ್ಟಿಯವರ ಸಾಲಿನಲ್ಲಿ ಅವಳ ಕೈಗಿಂತ ಬಾಯಿ ಮುಂದು.

ಅಷ್ಟರಲ್ಲಿ ಪಕ್ಕದ ಮನೆಯ ಚನ್ನಬಸಯ್ಯನವರು ಬಂದರು. ವಿದ್ಯುತ್ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ತಂತಿ ಇಲ್ಲದ ವಸ್ತುವಿನ ಬಗ್ಗೆಯೂ ಅವರಿಗೆ ಅಭಿಪ್ರಾಯವಿತ್ತು.

"ಬೆಳಕ ಜಾಸ್ತಿ ಐತಿ. ಕಿಡಕಿ ಹಾಕ್ರಿ."

ಕಿಟಕಿ ಹಾಕಿದರು. ಕತ್ತಲಲ್ಲಿ ರೊಟ್ಟಿ ಹೊತ್ತಿದವು. ಹೆಂಗಸರು ಗದ್ದಲ ಮಾಡಿದ ಮೇಲೆ ಕಿಟಕಿ ತೆಗೆಸಿ, ಚನ್ನಬಸಯ್ಯನವರು ಒಂದು ಕಂಬಳಿ ತರಿಸಿದರು. ಒಲೆಗಳ ಕಾವಿನಲ್ಲಿ, ನಡುಹಗಲಿನಲ್ಲಿ, ಅವರೂ ಗೌರೀಶನೂ ಕಂಬಳಿ ಮುಸುಕು ಹಾಕಿಕೊಂಡು ಕೂತರು. ಒಳಗಿನಿಂದ "ಇನ್ನಷ್ಟ ಹತ್ರ ಹಿಡೀರಿ", "ಹಿಂಗ್ರೀ?", "ಹಂಗಲ್ರೀ, ಹಣಿಗೆ ಹಣಿ ಹಚ್ರಿ" ಎಂದು ಮಾತು ಬರುತ್ತಿತ್ತು. ಎದುರು ಮನೆಯ ನಿಂಗವ್ವ ಒಳಗೆ ಕಾಲಿಟ್ಟವಳು ನೋಡಿ ಬೆಚ್ಚಿದಳು.

"ಅಯ್ಯ ಶಿವನ! ಅಳಿಯಂದ್ರಿಗೆ ಥಂಡಿಜ್ವರ ಬಂದಾವೇನು?"

"ಇಲ್ಲಬೇ, ರಿಮೋಟಿಗೆ ಓದಸಾಕತ್ತಾರ" ಎಂದಳು ಸಾವಂತ್ರವ್ವ. ಸಾಲಿಗೆ ಸಾಲೇ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಕಂಬಳಿಯಿಂದ ಹೊರಬಂದಾಗ ಗೌರೀಶ ಬೆವರಿನಲ್ಲಿ ಮಿಂದಿದ್ದ. ಮುಖ ಒರೆಸಿಕೊಂಡ ಕರವಸ್ತ್ರದಿಂದಲೇ ರಿಮೋಟನ್ನೂ ಒರೆಸಿ, ಬೇಸರದಲ್ಲಿ ಇನ್ನೊಂದು ಸಲ ಒತ್ತಿದ. ಹಸಿರು! ಜೀವ ಬಂದಂತಾಯಿತು. "ಕಲೀತು ನೋಡ್ರಿ!" ಎಂದು ಕೂಗಿದ.

ಶಿವಲಿಂಗವ್ವ ಓಡಿ ಬಂದರು. ರಿಮೋಟನ್ನು ಎತ್ತಿ ನೋಡಿ, "ಅಯ್ಯ, ಎಲ್ಲಾ ಅಳಿಸೇತಲ್ಲ. ತಡೀರಿ" ಎಂದು ಜಗಲಿಯ ಕಡೆ ಹೊರಟರು.

"ಏನ್ ಅಳಿಸೇತ್ರಿ?"

"ವಿಭೂತಿರೀ. ಮುಂಜಾನೆ ಹಚ್ಚಿ ಕೊಟ್ಟಿದ್ನೆಲ್ಲ."

ಹಚ್ಚಿದ್ದೆಲ್ಲಿ ಎಂದರೆ ಸರಿಯಾಗಿ ರಿಮೋಟಿನ ಹಣೆಗೆ. ಬೆಳಕು ಹೋಗಿ ಬರುವ ಕರಿ ಗಾಜಿನ ಮೇಲೆ, ಮೂರು ಬೆರಳಿನಿಂದ ಗಟ್ಟಿಯಾಗಿ ಎಳೆದ ಪಟ್ಟೆ. ಕಣ್ಣು ಮುಚ್ಚಿಕೊಂಡ ಆ ಬಡಪಾಯಿ ಏನು ತಾನೆ ಕಲಿತೀತು! ಹಿಟ್ಟು ಮೆತ್ತಿದ ಆ ಮನೆಯಲ್ಲಿ ಬಿಳಿಯದ್ದೆಲ್ಲ ಹಿಟ್ಟೇ ಎಂದು ಗೌರೀಶ ಅಂದುಕೊಂಡಿದ್ದ. ವಿಭೂತಿ ಬೇಡವೆನ್ನಲು ಅವನಿಗೆ ಬಾಯಿ ಬರಲಿಲ್ಲ. ಬೆನ್ನಿಗೆ ಹಚ್ಚಿದರೆ ನಡೆಯುತ್ತದೆಯೇ ಎಂದು ಮೆಲ್ಲಗೆ ಕೇಳಿದ.

"ಹಣಿ ಬಿಟ್ಟು ಬೆನ್ನಿಗೆ ಯಾರರ ಹಚ್ತಾರೇನ್ರಿ?" ಶಿವಲಿಂಗವ್ವ ನೊಂದುಕೊಂಡರು.

ಕೊನೆಗೆ ಚನ್ನಬಸಯ್ಯನವರೇ ತೀರ್ಪು ಕೊಟ್ಟರು. "ಶೆಲ್ ಇರೂದು ಬೆನ್ನಲ್ಲವ್ವಾ, ಹೊಟ್ಟಿ ಅದು. ಹೊಟ್ಟಿಗೆ ವಿಭೂತಿ ಹಚ್ಚಿದ್ರ ನಡೀತೈತಿ." ರಿಮೋಟಿನ ಹೊಟ್ಟೆಗೆ ಧಾರಾಳವಾಗಿ ವಿಭೂತಿ ಬಿತ್ತು, ಎಲ್ಲರಿಗೂ ಸಮಾಧಾನವಾಯಿತು.

ಆಮೇಲೆ ಕೆಲಸ ಓಡಿತು. ನಾಲ್ಕೂ ರಿಮೋಟಿನ ವಿದ್ಯೆಯನ್ನೆಲ್ಲ ಹೊಸದು ಗಟಗಟನೆ ಕುಡಿಯಿತು. ಒಂದು ಗುಂಡಿಗೆ ಎಲ್ಲ ಹತ್ತಬೇಕು, ಇನ್ನೊಂದಕ್ಕೆ ಎಲ್ಲ ಆರಬೇಕು. ಗುರುತು ಸಿಗಲೆಂದು ಶಿವಲಿಂಗವ್ವ ಮೊದಲನೆಯದಕ್ಕೆ ಹಣೆಗಿಡುವ ಕೆಂಪು ಟಿಕಳಿಯನ್ನೂ ಎರಡನೆಯದಕ್ಕೆ ಹಸಿರು ಟಿಕಳಿಯನ್ನೂ ಅಂಟಿಸಿದರು. ಅವರೇ ಹಿಟ್ಟಿನ ಬೆರಳಿನಿಂದ ಕೆಂಪು ಟಿಕಳಿ ಒತ್ತಿದರು. ಟಿವಿ ಹತ್ತಿತು, ಡಿಶ್ಶು ಹತ್ತಿತು, ಐದೂ ಸ್ಪೀಕರು ಗುಡುಗಿದವು. ಕಿಟಕಿಯಾಚೆ ನಿಂಗವ್ವನ ಟಿವಿಯೂ ಹತ್ತಿ, ಮಲಗಿದ್ದ ಅವಳ ಗಂಡ ಎದ್ದು ಕೂತು "ಯಾರವ್ರು?" ಎಂದ. ಚನ್ನಬಸಯ್ಯನವರು ಚಪ್ಪಾಳೆ ತಟ್ಟಿದರು.

ಹೆಂಗಸರು ಮಾತ್ರ ಯಾಕೋ ಸಪ್ಪಗಿದ್ದರು.

"ಹಂಗಾದ್ರ ಇನ್ನ ಫೋನ್ ಮಾಡೂದ ಬ್ಯಾಡೇನ್ರಿ?" ಎಂದಳು ಸಾವಂತ್ರವ್ವ.

"ಏನೂ ಬ್ಯಾಡ್ರಿ" ಎಂದ ಗೌರೀಶ, ಗೆದ್ದವನ ದನಿಯಲ್ಲಿ. ಹಳೆಯ ರಿಮೋಟುಗಳನ್ನು ಬಟ್ಟೆಯಲ್ಲಿ ಕಟ್ಟಿ, ತಾನೇ ಗೋಡೆಯ ಮಾಡದಲ್ಲಿಟ್ಟ. ಪಡಸಾಲೆಯಲ್ಲಿ ರೊಟ್ಟಿಯ ಸದ್ದೊಂದೇ ಉಳಿಯಿತು.

ಅಳಿಯ ಬರಿಗೈಯಲ್ಲಿ ಹೋಗುವ ಪದ್ಧತಿ ಆ ಮನೆಯಲ್ಲಿಲ್ಲ. ಶಿವಲಿಂಗವ್ವ ಅಂಗಿಯ ಅರಿವೆ ಕೊಟ್ಟು, ದೊಡ್ಡದೊಂದು ಬುತ್ತಿಯ ಗಂಟು ಕಟ್ಟಿ ಕೈಗಿತ್ತು, "ನಿಮ್ಮಂಥಾ ಅಳಿಯ ಸಿಗಾಕ ನಾ ಪುಣ್ಯಾ ಮಾಡಿದ್ದೆ" ಎಂದರು. ಬಸ್ಸಿನ ಕಿಟಕಿಗೆ ತಲೆ ಆನಿಸಿ ಗೌರೀಶ ಹೊಸ ಶೆಡ್ಡನ್ನು ಕಣ್ಣ ಮುಂದೆ ತಂದುಕೊಂಡ. ಅತ್ತೆಗೆ ಸುಖ, ತನಗೆ ಮೇಸ್ತ್ರಿಗಿರಿ. ಯಾರಿಗೆ ಕೈಮುಗಿಯಲಿ ಎಂದು ತಿಳಿಯದೆ, ರಿಮೋಟು ಕಂಡುಹಿಡಿದ ಯಾವನೋ ಪುಣ್ಯಾತ್ಮನಿಗೆ ಮುಗಿದ.

ಮನೆ ಮುಟ್ಟಿ ಕೈಕಾಲು ತೊಳೆಯುತ್ತಿದ್ದಾಗ ನಾಗರತ್ನಾ ಅಡುಗೆಮನೆಯಿಂದ ಕೂಗಿದಳು. "ರೀ, ಬುತ್ತಿಯೊಳಗ ಇದೇನ್ರಿ?"

ರೊಟ್ಟಿ, ಶೇಂಗಾ ಚಟ್ನಿ, ಅದರ ಕೆಳಗೆ ಹೋಳಿಗೆ, ಹೋಳಿಗೆಯ ಕೆಳಗೆ ಮಡಿಬಟ್ಟೆಯಲ್ಲಿ ಸುತ್ತಿದ ರಿಮೋಟು. ಹೊಟ್ಟೆಗೆ ವಿಭೂತಿ, ಗುಂಡಿಗೆ ಟಿಕಳಿ. ಅದೇ ಹೊತ್ತಿಗೆ ಗಡಿಯಾರ ಏಳು ಹೊಡೆಯಿತು, ಫೋನು ಬಡಿದುಕೊಂಡಿತು.

"ಅಳಿಯಂದ್ರ, ಟಿವಿ ಹತ್ತವಲ್ದ್ರೀ."

"ಹೆಂಗ ಹತ್ತೀತ್ರಿ ಅತ್ತಿಯವರ? ರಿಮೋಟ್ ಇಲ್ಲೈತಿ!"

ಅವನದೇ ಮಾತು ಹತ್ತು ಪಟ್ಟು ದೊಡ್ಡದಾಗಿ ಫೋನಿನೊಳಗಿನಿಂದ ಅವನಿಗೇ ತಿರುಗಿ ಕೇಳಿಸಿತು. "ಇಲ್ಲೈತಿ... ಲೈತಿ..." ಆಟೋ ನಗರದ ಗ್ರೈಂಡರಿನ ಗದ್ದಲದಲ್ಲಿ ಇದು ಅವನಿಗೆ ಎಂದೂ ಕೇಳಿಸಿರಲಿಲ್ಲ.

"ಟಿವಿ ಹತ್ತವಲ್ದು ಅಂತೀರಿ. ಮತ್ತ ನನ್ನ ದನಿ ಎಲ್ಲಿಂದ ಬರಾಕತ್ತೈತ್ರಿ?"

ಆ ಕಡೆ ಯಾರೋ ಕಿಸಕ್ಕೆಂದರು. ಆಮೇಲೆ ಸಾವಂತ್ರವ್ವನ ದನಿ. "ಐದೂ ಸ್ಪೀಕರಿನ್ಯಾಗಿಂದ ಬರಾಕತ್ತೇತ್ರಿ ಅಣ್ಣಾರ! ಓಣಿ ಮೂಲಿತನ ಕೇಳತೈತಿ!" ಸಾಲಿಗೆ ಸಾಲೇ ನಕ್ಕಿತು. ಚಹಾದ ಅಂಗಡಿಯವನ ನಗುವೂ ನಳದ ಹುಡುಗಿಯರ ಸೆರಗೂ ಗೌರೀಶನ ಕಣ್ಣಿಗೆ ಕಟ್ಟಿದವು. ಅವನ ಕಿವಿ ಕೆಂಪಾದವು.

"ಸಿಟ್ಟಾಗಬ್ಯಾಡ್ರಿ" ಎಂದರು ಶಿವಲಿಂಗವ್ವ. "ಮೊದಲ ನಾಕ ದಿನ ಖರೇನ ತಿಳೀಲಿಲ್ಲ. ನೀವ ಹೇಳಿ ಹೇಳಿ ಬಾಯಿಪಾಠ ಆತು. ಫೋನ್ ಈ ಸೌಂಡಿನ ಡಬ್ಬಿಗೆ ಜೋಡಸೂದನ್ನ ಶಶಿಧರ ಕಲಿಸಿದ. ಈಗ ಒಂದಿನ ನಿಮಗ ಫೋನ್ ಮಾಡದಿದ್ರ ಹೆಣ್ಮಕ್ಕಳು ಕೇಳೂದಿಲ್ರೀ. ಮುಂಜಾನಿಂದ ಹೊಗಿಯಾಗ ಕುಂತಿರ್ತಾರ. ಧಾರಾವಾಹಿ ಅಳಸತೈತಿ, ನೀವು ನಗಸ್ತೀರಿ. ಇವರ ಮನಿಯಾಗ ಗಂಡಸ್ರನ್ನ ಎರಡನೇ ಸಲ ಕೇಳಿದ್ರ ಮೈಮ್ಯಾಲೆ ಬರ್ತಾರಂತ. ನೀವು ನೂರ ಸಲ ಕೇಳಿದ್ರೂ ಮತ್ತ ಕರಿ ರಿಮೋಟಿನಿಂದ ಸುರು ಮಾಡ್ತೀರಿ. ಇಂಥಾ ಮನಷ್ಯಾ ಒಬ್ಬಾಂವ ಅದಾನಲ್ಲ ಅಂತ ಇವರಿಗೆಲ್ಲ ಸಮಾಧಾನ್ರಿ."

ಗೌರೀಶನಿಗೆ ಬರುತ್ತಿದ್ದ ಸಿಟ್ಟು ಇಳಿಯಿತು. ಬುತ್ತಿಯ ರಿಮೋಟನ್ನೇ ನೋಡುತ್ತ ಕೇಳಿದ. "ಆದ್ರ ಹೊಸಾ ರಿಮೋಟ್ ಯಾಕ ವಾಪಸ್ ಕಳಿಸಿದ್ರಿ? ಇದ್ರ ಇರ್ತಿತ್ತಲ್ರೀ ಮನಿಯಾಗ."

"ಅದ್ಹೆಂಗ್ರೀ? ವಿಭೂತಿ ಹಚ್ಚಿದ್ದರ ಮುಂದ ಕುಂತು, ಟಿವಿ ಹತ್ತವಲ್ದು ಅಂತ ದಿನಾ ಸುಳ್ಳ ಹೆಂಗ ಹೇಳ್ಲಿ?"

ಗೌರೀಶ ಕೊನೆಯ ಆಸೆಯಿಂದ, "ನಾಳಿಂದ ಎಂಟಕ್ಕರ ಮಾಡ್ತೀರೇನ್ರಿ?" ಎಂದ.

"ಎಂಟಕ್ಕ ಇವರೆಲ್ಲಾ ಮನಿಗೆ ಹೋಗಿರ್ತಾರಲ್ರೀ."

ನಾಗರತ್ನಾ ಪಕ್ಕದಲ್ಲಿ ನಿಂತು, ರಿಮೋಟನ್ನು ತಿರುವಿ ಮುರುವಿ ನೋಡಿ, "ಇದಕ್ಕ ನಮ್ಮ ಟಿವಿದೂ ಕಲಸ್ರಿ" ಎನ್ನುತ್ತಿದ್ದಳು. ನಾಳೆ ಭರಮಪ್ಪನಿಗೆ ಏನು ಹೇಳುವುದೋ ಗೌರೀಶನಿಗೆ ಗೊತ್ತಿರಲಿಲ್ಲ. ಆ ಕಡೆ ಖಾನಾಪುರದ ಪಡಸಾಲೆಯಲ್ಲಿ ರೊಟ್ಟಿಯ ಸದ್ದು ನಿಂತಿತ್ತು. ದುಡಿದು ದಣಿದ ಅಷ್ಟೂ ಜನ ಕೈ ತಡೆದು ತನಗಾಗಿ ಕಾಯುತ್ತಿದ್ದಾರೆಂದು ಅವನಿಗೆ ತಿಳಿಯಿತು. ಕುರ್ಚಿ ಎಳೆದುಕೊಂಡು ಕೂತು, ಗಂಟಲು ಸರಿಮಾಡಿಕೊಂಡ.

"ಮೊದಲ ಕರಿ ರಿಮೋಟ್ ತಗೋರಿ ಅತ್ತಿಯವರ."

"ಕರೀದು ಯಾವದರೀ ಅಳಿಯಂದ್ರ? ಎಲ್ಲಾ ಹಿಟ್ಟಾಗ್ಯಾವು."