ಬೀಗರಿಗೊಪ್ಪುವ ಗಾಳದ ಕೋಲು

ಮನುಷ್ಯ ಹೆಂಡತಿಗೆ ಹೆದರುತ್ತಾನೆ, ಮೇಲಧಿಕಾರಿಗೆ ಹೆದರುತ್ತಾನೆ, ಬೀದಿನಾಯಿಗೂ ಹೆದರುತ್ತಾನೆ. ಇವೆಲ್ಲ ಕಾರಣವಿರುವ ಹೆದರಿಕೆಗಳು. ಬೀಗರಿಗೆ ಹೆದರುವುದು ಮಾತ್ರ ಕಾರಣವಿಲ್ಲದ, ಆದ್ದರಿಂದಲೇ ಪರಿಹಾರವೂ ಇಲ್ಲದ ಹೆದರಿಕೆ. ನಿನ್ನೆಯವರೆಗೆ ಬಸ್ಸಿನಲ್ಲಿ ನಮ್ಮ ಕಾಲು ತುಳಿದಿದ್ದರೆ ಧಾರಾಳವಾಗಿ ಬೈಯಬಹುದಾಗಿದ್ದ ಒಬ್ಬ ಸಾಧಾರಣ ಗೃಹಸ್ಥರು, ಮಗಳ ಸಂಬಂಧ ಕುದುರಿದ ಗಳಿಗೆಯಿಂದ, ನಮ್ಮ ಕಾಲು ತುಳಿದರೆ 'ನಿಮ್ಮ ಪಾದಕ್ಕೇನೂ ನೋವಾಗಲಿಲ್ಲವಷ್ಟೇ?' ಎಂದು ನಾವೇ ವಿಚಾರಿಸಬೇಕಾದ ಪದವಿಗೆ ಏರಿಬಿಡುತ್ತಾರೆ. ನಾನು ಈ ಇಳಿವಯಸ್ಸಿನಲ್ಲಿ ಮೀನಿನ ಗಾಳ ಹಿಡಿದದ್ದು ಮೀನಿನ ಆಸೆಯಿಂದಲ್ಲ, ಈ ಹೆದರಿಕೆಯಿಂದ.

ನನ್ನ ಮಗಳು ಸುಮಳನ್ನು ಅಜ್ಜಂಪುರದ ಹನುಮಂತಪ್ಪನವರ ಮಗನಿಗೆ ಕೊಡುವುದೆಂದು ಮಾತಾಯಿತು. ಹುಡುಗ ಹುಡುಗಿ ಒಪ್ಪಿದ್ದರು, ಜಾತಕಗಳೂ ಒಪ್ಪಿದ್ದವು. ಒಪ್ಪದೆ ಉಳಿದವರು ಇಬ್ಬರೇ, ನನ್ನ ಹೆಂಡತಿ ಜಯಮ್ಮ ಮತ್ತು ಬೀಗಿತ್ತಿ. ಮದುವೆ ನಮ್ಮ ಕಡೂರಿನಲ್ಲೇ ಆಗಬೇಕೆಂದು ಇವಳು, ಅಜ್ಜಂಪುರದಲ್ಲೇ ಆಗಬೇಕೆಂದು ಅವರು. "ಕಡೂರಿಗೆ ಬರೋರಿಗೆ ರೈಲೈತೆ," ಎಂದಳು ಜಯಮ್ಮ. "ಅಜ್ಜಂಪುರಕ್ಕೂ ಐತಲ್ಲ," ಎಂದರು ಬೀಗಿತ್ತಿ. ಎರಡೂ ಊರಿನಲ್ಲಿ ರೈಲು ಬಂದು ನಿಂತ ಮೇಲೆ ನಮ್ಮ ಹಜಾರದಲ್ಲಿ ಮಾತು ಮಾತ್ರ ಮುಂದಕ್ಕೆ ಹೊರಡಲಿಲ್ಲ. ಅದನ್ನು ಹೊರಡಿಸುವ ಸದುದ್ದೇಶದಿಂದ ಹನುಮಂತಪ್ಪನವರು, "ನಂಗೆ ಭಾನುವಾರ ಬಂತಂದ್ರೆ ಗಾಳ ಹಾಕೋದೊಂದೇ ಹುಚ್ಚು ನೋಡಿ. ರಾಡು, ರೀಲು ಎಲ್ಲ ಮಡಗಿದೀನಿ," ಎಂದರು. ಅವರಿಗೆ ಒಂಟಿತನ ಕಾಡಬಾರದೆಂದು ನಾನು, "ನಾನೂ ಅಷ್ಟೇ," ಎಂದುಬಿಟ್ಟೆ.

ಇದು ಪೂರ್ತಿ ಸುಳ್ಳೇನಲ್ಲ. ಚಿಕ್ಕಂದಿನಲ್ಲಿ ಒಮ್ಮೆ ಎರೆಹುಳು ಚುಚ್ಚಿ ಗಾಳ ಬೀಸಿದ್ದೆ. ಆಗ ಸಿಕ್ಕಿದ್ದು ನನ್ನದೇ ಅಂಗಿಯ ಕಾಲರು. ಆದರೆ ಹನುಮಂತಪ್ಪನವರ ಮುಖ ಅರಳಿಬಿಟ್ಟಿತು. "ಅಂಗಾದ್ರೆ ಬೀಗ್ರೇ, ಬರೋ ಭಾನುವಾರ ನಿಮ್ ತೋಟದ ಕೆರೆತಾವ ಕೂರಣ. ಗಾಳನೂ ಆಯ್ತು, ಛತ್ರದ ವಿಷ್ಯನೂ ನಾವು ಗಂಡಸ್ರೇ ತೀರ್ಮಾನ ಮಾಡ್ದಂಗೂ ಆಯ್ತು," ಎಂದರು. ಅವರು ಹೋದ ಮೇಲೆ ಜಯಮ್ಮ ಕಾಫಿ ಲೋಟ ಎತ್ತುತ್ತಾ, "ರೀ, ಮೀನು ಬರ್ಲಿ ಬಿಡ್ಲಿ, ಕಡೂರು ಮಾತ್ರ ಬರ್ಬೇಕು," ಎಂದು ನನಗೆ ರಾಯಭಾರದ ಹುಕುಂ ಕೊಟ್ಟಳು.

ರಾಯಭಾರಿಗೆ ಆಯುಧ ಬೇಕಲ್ಲ. ಫೋನಿನಲ್ಲಿ ವಿಡಿಯೋ ನೋಡಿದೆ. ಅವುಗಳಲ್ಲೆಲ್ಲ ಅಮೆರಿಕದ ಬಾಸ್ ಎಂಬ ಮೀನಿನದೇ ದರಬಾರು. ಟೋಪಿ ಹಾಕಿದ ಒಬ್ಬ ಮಹಾಶಯ ಕೋಲನ್ನು ಬಗ್ಗಿಸಿ, ಬಿಟ್ಟು, ಮತ್ತೆ ಬಗ್ಗಿಸಿ, ಇದು ಗಟ್ಟಿ, ಇದು ಮೆದು, ಇದರ ತುದಿ ಚುರುಕು ಎಂದು ವರನ ಗುಣಗಾನ ಮಾಡಿದಂತೆ ವರ್ಣಿಸುತ್ತಿದ್ದ. ನಮ್ಮ ಕೆರೆಯಲ್ಲಿ ಬಾಸ್ ಇಲ್ಲ, ಕುಚ್ಚು ಮೀನಿದೆ. ಆದರೆ ಎರಡೂ ಜೊಂಡಿನ ಮರೆಯಲ್ಲಿ ಅಡಗಿದ್ದು ಕಪ್ಪೆ ಕಂಡರೆ ಮೇಲೆ ಬೀಳುವ ಜಾತಿಯವಾದ್ದರಿಂದ ಶಾಸ್ತ್ರ ಒಂದೇ ಎಂದು ಧೈರ್ಯ ತಂದುಕೊಂಡೆ. ರೀಲಿಗೂ ಕೋಲಿಗೂ ತೂಕ ಹೊಂದಬೇಕು, ದಾರ ಇಬ್ಬರಿಗೂ ಒಗ್ಗಬೇಕು, ಲೂರ್ ಎನ್ನುವ ಹುಸಿ ಆಹಾರ ಮೂವರ ಯೋಗ್ಯತೆಗೂ ಮೀರಬಾರದು. ಸುಮಳ ಜಾತಕಕ್ಕೆ ಇಷ್ಟು ಕೂಟ ನೋಡಿರಲಿಲ್ಲ.

ಆ ಟೋಪಿಯವನಿಗೆ ತಿಳಿಯದ ಒಂದು ತೊಡಕು ನನಗಿತ್ತು. ಅವನು ಕೋಲು ಆರಿಸುವುದು ಮೀನು ನೋಡಿ. ನಾನು ಆರಿಸಬೇಕಾದ್ದು ಬೀಗರನ್ನು ನೋಡಿ. ನಾವು ಹೆಣ್ಣಿನ ಕಡೆಯವರು. ನಮ್ಮ ಕೋಲು ಗಂಡಿನ ಕಡೆಯವರ ಕೋಲಿಗಿಂತ ಉದ್ದವಾದರೆ ದುರಹಂಕಾರ, ತೀರ ಗಿಡ್ಡವಾದರೆ ದಾರಿದ್ರ್ಯ. ಸುಮಳನ್ನು ಕರೆದು, "ನಿಮ್ಮ ಮಾವನ ರಾಡು ಎಷ್ಟುದ್ದ ಅಂತ ಹುಡುಗನ್ನ ಕೇಳಮ್ಮ," ಎಂದೆ. ಅವಳು ಫೋನಿನಲ್ಲಿ ಏನೋ ಒತ್ತಿ, ನಕ್ಕು, "ಏಳಡಿಯಂತೆ ಕಣಪ್ಪ. ಅವ್ರೂ ನಿನ್ನದು ಎಷ್ಟುದ್ದ ಅಂತ ನಿನ್ನೆಯಿಂದ ಕೇಳಿಸ್ತಿದ್ದಾರೆ," ಎಂದಳು.

ತರೀಕೆರೆ ಬಸ್ ಸ್ಟ್ಯಾಂಡಿನ ಹಿಂದೆ ನನ್ನ ಸಹಪಾಠಿ ದಸ್ತಗೀರನ ಅಂಗಡಿ. ಬಲೆ, ಹಗ್ಗ, ಟಾರ್ಪಾಲುಗಳ ನಡುವೆ ಈಚೆಗೆ ರಾಡು ರೀಲುಗಳೂ ಸೇರಿವೆ. ತಾನು ಮಾರುವ ಯಾವುದನ್ನೂ ಬಳಸಿ ನೋಡದವನು, ಆದ್ದರಿಂದ ಯಾವುದರ ಬಗ್ಗೆಯೂ ಸಂಶಯವಿಲ್ಲದೆ ಮಾತಾಡುತ್ತಾನೆ.

"ಯಾವ ಮೀನಿಗಪ್ಪಾ?" ಎಂದ.

"ಬೀಗರಿಗೆ," ಎಂದೆ.

ಅವನು ಒಂದು ಕ್ಷಣ ಗಂಭೀರನಾಗಿ ಸ್ಟೂಲು ಒರೆಸಿ ಕೂರಿಸಿದ. ಅವನೂ ಮೂರು ಹೆಣ್ಣುಮಕ್ಕಳ ಮದುವೆ ಮಾಡಿದವನು, ವಿವರಣೆ ಬೇಕಾಗಲಿಲ್ಲ. ಬೀಗರ ಕೋಲಿನ ಅಳತೆಯೊಂದನ್ನು ಹೇಳಿದೆ. "ಗಂಡಿನ ಕಡೆದು ಏಳಡಿ ಅಂತೀಯ. ಅಂಗಾದ್ರೆ ನಿಂದು ಆರೂವರೆ ಇರ್ಲಿ. ಬಣ್ಣ ಕಪ್ಪು ಬ್ಯಾಡ, ಶುಭಕಾರ್ಯ," ಎಂದು ಕೆಂಪು ಪಟ್ಟಿಯ ಕೋಲನ್ನು ಕೈಗಿತ್ತ. ಕೋಲಿನ ಮೇಲೆ ಕೂರುವ ಒಂದು ರೀಲು ತೋರಿಸಿದ. ಹೆಬ್ಬೆರಳಿನಿಂದ ಅದುಮಿ ಹಿಡಿಯದಿದ್ದರೆ ದಾರವೆಲ್ಲ ಗೀಜಗನ ಗೂಡಾಗುತ್ತದೆಯಂತೆ. ಬೀಗರೆದುರು ಗೂಡು ಬಿಡಿಸುತ್ತಾ ಕೂರುವ ಚಿತ್ರ ಕಣ್ಣಿಗೆ ಬಂದು ಬೇಡವೆಂದೆ. ಕೋಲಿನ ಕೆಳಗೆ ನೇತಾಡುವ, ಹಿಡಿ ತಿರುಗಿಸಿದರೆ ಸಾಕೆನ್ನುವ ಸಾತ್ವಿಕ ರೀಲು ಸಿಕ್ಕಿತು. ಕೊನೆಗೆ ಲೂರು. ಹಿಡಿ ಮುರಿದ ಚಮಚದಂಥವು, ಬೆಳ್ಳಿಮೀನಿನಂಥವು, ಗರಗರ ತಿರುಗುವಂಥವು. ಎಲ್ಲವನ್ನೂ ಬದಿಗೆ ಸರಿಸಿ ಅವನು ಎರಡು ರಬ್ಬರ್ ಕಪ್ಪೆ ಇಟ್ಟ, ಹಸಿರು ಒಂದು, ಹಳದಿ ಒಂದು.

"ಎರಡ್ಯಾಕೋ?"

"ಲೇ, ಬೀಗ್ರ ಎದುರಿಗೆ ಬರೀ ಕೈಯಲ್ಲಿ ಕೂರ್ತೀಯ? ಒಂದು ಅವ್ರಿಗೆ ಕೊಡು. ಎಲೆ ಅಡಿಕೆ ಜೊತೆ ಕೊಡು."

ಹಾಗೆಯೇ ಕೊಟ್ಟೆ. ಭಾನುವಾರ ಕೆರೆ ಏರಿಯ ಮೇಲೆ, ತಟ್ಟೆಯಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ, ಹಳದಿ ಕಪ್ಪೆ. ಹನುಮಂತಪ್ಪನವರು ಕಣ್ಣಿಗೊತ್ತಿಕೊಂಡು ಸ್ವೀಕರಿಸಿದರು. ಅವರ ಕೈಯಲ್ಲಿದ್ದದ್ದು ಏಳಡಿಯದಲ್ಲ, ಆರೂವರೆಯದು. "ನಿಮ್ದು ಆರೂವರೆ ಅಂತ ನಮ್ಮುಡುಗ ಅಂದ. ನಾನು ಉದ್ದ ತಂದ್ರೆ ಚೆನ್ನಾಗಿರಲ್ಲ ಅಂತ ಅಣ್ಣನ ಮಗನ ರಾಡು ಇಸ್ಕಂಡ್ ಬಂದೆ," ಎಂದರು. ನನಗೆ ಆ ಕ್ಷಣದಲ್ಲೇ ಅವರ ಮೇಲೆ ಪ್ರೀತಿ ಹುಟ್ಟಿತು. ಕಡೂರಿನ ವಿಷಯ ಎತ್ತುವುದು ಅಷ್ಟೇ ಕಷ್ಟವಾಯಿತು.

"ನೀವು ಮೊದ್ಲು ಹಾಕಿ ಬೀಗ್ರೇ."

"ಛೇ, ನಿಮ್ ಕೆರೆ. ನೀವು ಹಾಕಿ."

ಇದು ಬಿಸಿಲೇರುವವರೆಗೆ ನಡೆಯಿತು. ಕೊನೆಗೆ ಇಬ್ಬರೂ ಒಟ್ಟಿಗೆ ಬೀಸಿದೆವು. ನನ್ನ ಹಸಿರು ಕಪ್ಪೆ ಜೊಂಡಿನ ಪಕ್ಕ ಬಿದ್ದು ಎರಡು ಸಲ ಕುಪ್ಪಳಿಸಿದ್ದೇ ತಡ, ನೀರು ಬಾಯಿ ತೆರೆದು ಅದನ್ನು ನುಂಗಿತು. ಕೋಲು ಬಿಲ್ಲಾಯಿತು. ಬೇರೆ ಯಾರಾದರೂ ಕುಣಿದಾಡುತ್ತಿದ್ದರು. ನನಗೆ ಬೆವರು ಬಂತು. ಗಂಡಿನ ಕಡೆಯವರಿಗಿಂತ ಮೊದಲು ನಾನು ಮೀನು ಹಿಡಿಯುವುದೆಂದರೇನು? ಕೋಲನ್ನು ಅವರತ್ತ ಚಾಚಿ, "ಹಿಡೀರಿ ಬೀಗ್ರೇ, ಇದು ನಿಮ್ದೇ," ಎಂದೆ. ಅವರು ಎರಡೂ ಕೈ ಬೆನ್ನ ಹಿಂದೆ ಕಟ್ಟಿ, "ಎಲ್ಲಾರ ಉಂಟಾ? ನಿಮ್ ಗಾಳಕ್ಕೆ ಬಿದ್ದಿದ್ದು ನಿಮ್ದು," ಎಂದರು. ನಾನು ಚಾಚುವುದು, ಅವರು ಹಿಂದೆ ಸರಿಯುವುದು ಹೀಗೆ ಮರ್ಯಾದೆಯ ವಿನಿಮಯ ನಡೆಯುತ್ತಿರಲು, ದಾರ ಸಡಿಲಾಗಿ ಮೀನು ಕಪ್ಪೆಯನ್ನು ಉಗುಳಿ ಹೊರಟುಹೋಯಿತು. ಇಬ್ಬರೂ ನೆಮ್ಮದಿಯ ಉಸಿರು ಬಿಟ್ಟು ಬುತ್ತಿ ಬಿಚ್ಚಿದೆವು. ಛತ್ರದ ಮಾತು ಬರಲಿಲ್ಲ.

"ಕಡೂರು ಬಂತಾ?" ಎಂದಳು ಜಯಮ್ಮ. "ಮಾತುಕತೆ ಒಂದು ಹಂತಕ್ಕೆ ಬಂದಿದೆ," ಎಂದೆ. ಮುಂದಿನ ಭಾನುವಾರವೂ ಒಂದು ಹಂತಕ್ಕೆ ಬಂತು. ಅದರ ಮುಂದಿನದೂ. ಅಷ್ಟು ಹೊತ್ತಿಗೆ ಹನುಮಂತಪ್ಪನವರು ನನಗೆ ಕಪ್ಪೆಯನ್ನು ನಡೆಸುವುದು ಕಲಿಸಿದ್ದರು, ಮೊದಲ ದಿನದ ಮೀನು ಇಬ್ಬರ ಬಾಯಲ್ಲೂ ತೊಡೆಗಾತ್ರ ಬೆಳೆದಿತ್ತು. "ಛತ್ರದ ವಿಷ್ಯ..." ಎಂದು ಒಬ್ಬರು ತೆಗೆದರೆ ಇನ್ನೊಬ್ಬರು, "ಷ್, ಜೊಂಡು ಅಲ್ಲಾಡ್ತು," ಎನ್ನುತ್ತಿದ್ದೆವು.

ಒಂದು ಬೆಳಿಗ್ಗೆ ಜಯಮ್ಮ ಸೊಪ್ಪು ಬಿಡಿಸುತ್ತಾ, "ತರೀಕೆರೆಯಲ್ಲಿ ಛತ್ರ ಹೇಳಿದ್ವಿ ಕಣ್ರೀ. ಅವ್ರೂರೂ ಅಲ್ಲ, ನಮ್ಮೂರೂ ಅಲ್ಲ," ಎಂದಳು.

"ಯಾರು ಹೇಳಿದ್ದು? ಯಾವಾಗ?"

"ನಾನೂ ಬೀಗಿತ್ತೀನೂ. ನೀವು ಮೊದಲ್ನೇ ಸಲ ಕೆರೆಗೆ ಹೋದ್ರಲ್ಲ, ಅವತ್ತೇ ಫೋನಲ್ಲಿ ಮುಗೀತು."

"ಮತ್ತೆ ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಭಾನುವಾರ ಮನೇಲಿರ್ತಿದ್ರಿ. ಸೀರೆ, ಅಡುಗೆ, ವಾಲಗ, ಎಲ್ಲಕ್ಕೂ ತಲೆ ಹಾಕ್ತಿದ್ರಿ. ಅಲ್ಲಿ ಅವ್ರೂ ಹಂಗೇ ಅಂತೆ."

ರಾಯಭಾರಿಗೆ ಅವಮಾನವಾಯಿತು. ಇನ್ನು ಕೆರೆಯ ಕಡೆ ತಲೆ ಹಾಕುವುದಿಲ್ಲವೆಂದು ನಿಶ್ಚಯಿಸಿ, ಸುದ್ದಿ ತಿಳಿಸಲು ಹನುಮಂತಪ್ಪನವರಿಗೆ ಫೋನು ಮಾಡಿದೆ. ಅವರ ದನಿಯಲ್ಲೂ ಸೊಪ್ಪು ಬಿಡಿಸುವ ಹೆಂಡತಿಯೆದುರು ಕುಳಿತವರ ಧಾಟಿ ಇತ್ತು. ಸುದ್ದಿ ಅಲ್ಲಿಗೂ ತಲುಪಿತ್ತು.

"ಬೀಗ್ರೇ," ಎಂದೆ ಕೊನೆಗೆ, "ಛತ್ರದ ವಿಷಯ ನಾವಿನ್ನೂ ಪೂರ್ತಿ ಮಾತಾಡಿಲ್ಲ ಅಲ್ವಾ?"

"ಎಲ್ಲಿ ಮಾತಾಡಿದೀವಿ? ದೊಡ್ಡ ವಿಷ್ಯ. ಕೂತು ಮಾತಾಡ್ಬೇಕು," ಎಂದರು ಅವರು. "ಈ ಸಲ ನಾನು ನನ್ ಏಳಡೀದೇ ತರ್ಲಾ?"

"ಧಾರಾಳವಾಗಿ ತನ್ನಿ," ಎಂದೆ. ಜಯಮ್ಮ ಏನೂ ಕೇಳಿಸದವಳಂತೆ ಎದ್ದುಹೋಗಿ, ಬುತ್ತಿಯ ಡಬ್ಬಿಯನ್ನು ತೊಳೆದು ಬಿಸಿಲಿಗೆ ಬೋರಲು ಹಾಕಿದಳು. ನಾನು ಅಂದೇ ಮಧ್ಯಾಹ್ನ ತರೀಕೆರೆ ಬಸ್ಸು ಹತ್ತಿ, ಏಳೂವರೆ ಅಡಿಯದು ಇದೆಯೇ ಎಂದು ದಸ್ತಗೀರನನ್ನು ಕೇಳಿದೆ.