ಮದುವೆ ಕಾಗದದ ಸೈನ್ಯ

ಡೊಂಬಿವಿಲಿಯ ಸಣ್ಣ ಫ್ಲ್ಯಾಟಿನಲ್ಲಿ ಸಂಸಾರದ ಜೊತೆಗೆ ಒಂದು ಯುದ್ಧವನ್ನೂ ಇಟ್ಟುಕೊಂಡವನಿಗೆ ಇಂಥ ಫಜೀತಿಗಳು ಆಗದೆ ಇನ್ನೇನು ಆಗಬೇಕು ಹೇಳಿ. ಇವು ನನ್ನನ್ನು ಹುಡುಕಿಕೊಂಡು ಬರುತ್ತವೆ.

ಯುದ್ಧ ಅಂದರೆ ಹೆದರಬೇಡಿ. ಹಾಸಿದ ನಕ್ಷೆಯ ಮೇಲೆ ಕೂತು ಆಡುವ ಆಟ. ನಕ್ಷೆಯ ತುಂಬ ಜೇನುಗೂಡಿನಂತೆ ಆರು ಮೂಲೆಯ ಮನೆಗಳು, ಆಚೆ ನೀಲಿ ಸೈನ್ಯ, ಈಚೆ ಕೆಂಪು ಸೈನ್ಯ. ಸೈನ್ಯವೆಂದರೆ ರಟ್ಟಿನ ಚೌಕ ಕಾಯಿಗಳು. ದಾಳ ಹಾಕುವುದು, ಹೊಡೆದಾಡುವುದು, ನಡುವೆ ಚಹಾ ಕುಡಿಯುವುದು. ಈ ಹುಚ್ಚು ಹತ್ತಿಸಿದವನು ನನ್ನ ಆಫೀಸಿನ ಗೆಳೆಯ, ಮೈಸೂರಿನವನು, ನೆರೂಳದಲ್ಲಿ ಮನೆ. ಆಟ ಮಾಡಿದ ಪರದೇಶದ ಕಂಪನಿಯವರು ಅದನ್ನು ಎರಡು ಬಗೆಯಲ್ಲಿ ಕೊಡುತ್ತಿದ್ದರು. ಒಂದು, ದಪ್ಪ ಕಾಯಿ, ಹೊಳೆಯುವ ನಕ್ಷೆ ಇರುವ ಪೆಟ್ಟಿಗೆ. ಇನ್ನೊಂದು, ಇಂಟರ್ನೆಟ್ಟಿನಿಂದ ಇಳಿಸಿಕೊಂಡು ನಾವೇ ಪ್ರಿಂಟ್ ಹಾಕಿ, ಕತ್ತರಿಸಿ, ಅಂಟಿಸಿಕೊಳ್ಳುವುದು.

ಗೆಳೆಯ ಪೆಟ್ಟಿಗೆ ತರಿಸಿದ. ತರಿಸಿ, ಅದರ ಮೇಲಿನ ಪ್ಲಾಸ್ಟಿಕ್ಕನ್ನೂ ತೆಗೆಯದೆ ಶೋಕೇಸಿನಲ್ಲಿಟ್ಟ. "ತೆಗುದ್ರೆ ಹಾಳಾಗತ್ತೆ ಕಣ್ರೀ. ನೀವು ಪ್ರಿಂಟ್ ಮಾಡ್ಕೊಳ್ಳಿ, ಅದ್ರಲ್ಲಿ ಆಡೋಣ" ಅಂದ. ಆ ಪೆಟ್ಟಿಗೆ ಒಮ್ಮೆ ತೆರೆಯಬೇಕು, ಆ ದಪ್ಪ ಕಾಯಿಗಳನ್ನು ಕೈಯಲ್ಲಿ ಹಿಡಿದು ಒಂದೇ ಒಂದು ಆಟ ಆಡಬೇಕು ಅನ್ನುವುದು ಅಂದಿನಿಂದ ನನ್ನ ಬಾಳಿನ ಆಸೆಯಾಯಿತು.

ಬತ್ತಿದ ನದಿ

ಸ್ಟೇಷನ್ ಪಕ್ಕದ ಝೆರಾಕ್ಸ್ ಅಂಗಡಿಯವನಿಗೆ ಪೆನ್ ಡ್ರೈವ್ ಕೊಟ್ಟು, "ಇದ್ದ ಅಳತೆಯಲ್ಲೇ ತೆಗಿ" ಎಂದು ಸಾರಿ ಸಾರಿ ಹೇಳಿ ತರಕಾರಿಗೆ ಹೋದೆ. ಬರುವಷ್ಟರಲ್ಲಿ ಅವನು ಎಲ್ಲ ಹಾಳೆಗಳನ್ನೂ ಅಂಚಿನವರೆಗೆ ಹಿಗ್ಗಿಸಿಟ್ಟಿದ್ದ. "ಸಾಬ್, ಬಡಾ ಕರ್ ದಿಯಾ. ಕಾಗಜ್ ಕ್ಯೋಂ ವೇಸ್ಟ್ ಕರ್ನೇಕಾ?" ದೊಡ್ಡದು ಮಾಡಿದ್ದೇನೆ, ಕಾಗದ ಯಾಕೆ ದಂಡ ಮಾಡಬೇಕು ಎಂದು ಉಪಕಾರ ಮಾಡಿದವನಂತೆ ನಕ್ಕ.

ಮನೆಗೆ ತಂದು ಜೋಡಿಸಿದೆ. ನಕ್ಷೆ ಟೇಬಲ್ ದಾಟಿ ಮಂಚಕ್ಕೆ ಬಂತು. ಕಾಯಿಗಳು ಬಿಸ್ಕತ್ತಿನಷ್ಟು ದೊಡ್ಡವು. ಹೋಗಲಿ, ದೊಡ್ಡ ಮನೆಗೆ ದೊಡ್ಡ ಕಾಯಿ, ಆಡಬಹುದು ಅಂದುಕೊಂಡೆ. ಆದರೆ ಹಿಗ್ಗಿಸುವಾಗ ಪ್ರತಿ ಹಾಳೆಯ ಅಂಚೂ ಕತ್ತರಿಸಿಹೋಗಿತ್ತು. ದೊಡ್ಡ ನದಿಯೊಂದು ಹಾಳೆಯ ತುದಿಗೆ ಬಂದು ನಿಂತೇಹೋಗಿ, ಅಂಗೈಯಗಲ ಆಚೆ ಮತ್ತೆ ಹುಟ್ಟುತ್ತಿತ್ತು. ರೇಗಿಹೋಯಿತು. ನಕ್ಷೆ ಸುತ್ತಿಕೊಂಡು ಅಂಗಡಿಗೇ ಹೋಗಿ, ಬೆರಳಿಟ್ಟು ತೋರಿಸಿ, "ಈ ನದಿ ಎಲ್ಲಿ ಹೋಯ್ತು?" ಎಂದು ಜೋರು ಮಾಡಿದೆ.

ಅವನು ನಿಧಾನವಾಗಿ ಬಗ್ಗಿ ನೋಡಿದ. "ಸಾಬ್, ಗರ್ಮೀ ಮೇ ಸೂಖ್ ಜಾತೀ ಹೈ." ಬೇಸಿಗೆಯಲ್ಲಿ ಬತ್ತುತ್ತದಂತೆ.

ಕರೆಂಟ್ ಬಂತು

ಮೊದಲ ಸೈನ್ಯವನ್ನು ಬರೀ ಕಾಗದದಲ್ಲೇ ಮಾಡಿದ್ದೆ. ಫ್ಯಾನ್ ಹಾಕಿದರೆ ಎರಡೂ ಕಡೆಯವರು ಒಟ್ಟಿಗೆ ಅಡುಗೆಮನೆಗೆ ಓಡುತ್ತಿದ್ದರು. ಹಾಗಂತ ನಮ್ಮೂರ ಸೆಕೆಯಲ್ಲಿ ಫ್ಯಾನ್ ಇಲ್ಲದೆ ಕೂರಲಿಕ್ಕೆ ಉಂಟೇ? ಕೊನೆಗೆ ಲೋಡ್ ಶೆಡ್ಡಿಂಗೇ ದಾರಿ ತೋರಿಸಿತು. ಆ ವರ್ಷಗಳಲ್ಲಿ ನಮ್ಮ ಕಡೆ ಮಧ್ಯಾಹ್ನ ಹೊತ್ತು ಹಿಡಿದು ಕರೆಂಟ್ ತೆಗೆಯುತ್ತಿದ್ದರು. ಊರೆಲ್ಲ ಬೈಯುವ ಆ ಹೊತ್ತಿಗೆ ನಾವಿಬ್ಬರೇ ಕಾಯುತ್ತಿದ್ದೆವು. ಹೇಗೂ ಬೆವರಲೇಬೇಕು, ಬೆವರುತ್ತಲೇ ಯುದ್ಧ ಮಾಡೋಣ ಎಂದು.

ಒಂದು ಭಾನುವಾರ ನನ್ನ ಕೆಂಪು ಸೈನ್ಯ ಗೆಳೆಯನ ನೀಲಿಯವರನ್ನು ಮೂಲೆಗೆ ತಳ್ಳಿತ್ತು. ಇನ್ನೊಂದು ದಾಳ ಬಿದ್ದರೆ ಅವನ ಸೇನಾಪತಿ ಸೆರೆ. ಗೆಳೆಯ ಮೈಮುರಿದು ಎದ್ದ, ಗೋಡೆಯ ಹತ್ತಿರ ಹೋಗಿ ಫ್ಯಾನಿನ ಸ್ವಿಚ್ ಹಾಕಿ ಬಂದು ಕೂತ.

"ಕರೆಂಟೇ ಇಲ್ಲ, ಅದನ್ಯಾಕೆ ಹಾಕಿದ್ರಿ?" ಅಂದೆ.

"ಕರೆಂಟ್ ಬಂದ್ರೆ ಗೊತ್ತಾಗ್ಬೇಕಲ್ವೇನ್ರೀ?"

ನಾನು ದಾಳ ಕುಲುಕುತ್ತಿದ್ದಂತೆ ಗೊತ್ತಾಯಿತು. ಪಕ್ಕದಲ್ಲಿ ಬಸಳೆ ಸೋಸುತ್ತಿದ್ದ ನನ್ನ ಅಮ್ಮನ ಮೊರಕ್ಕೆ ಎರಡೂ ಸೈನ್ಯ ಬಂದು ಬಿದ್ದವು. ಗೆಳೆಯ ಡ್ರಾ ಎಂದು ಘೋಷಿಸಿ ಚಪ್ಪಲಿ ಹಾಕಿಕೊಂಡ. ಅವನ ಸೇನಾಪತಿ ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ನನ್ನ ಬಟ್ಟಲಿಗೇ ಬಂದ.

ಸಾಯದ ಸೈನಿಕರು

ಇನ್ನು ಕಾಯಿಗಳಿಗೆ ಭಾರ ಬೇಕೇಬೇಕು ಅನ್ನಿಸಿತು. ತಂಗಿಯ ಮದುವೆಗೆ ಅಚ್ಚು ಹಾಕಿಸಿದ ಆಮಂತ್ರಣಗಳು ಅಟ್ಟದಲ್ಲಿ ಕಟ್ಟುಗಟ್ಟಲೆ ಉಳಿದಿದ್ದವು. ಒಳ್ಳೆಯ ದಪ್ಪ ರಟ್ಟು. ಕೆಂಪು ಸೈನ್ಯವನ್ನೆಲ್ಲ ಅದಕ್ಕೇ, ನೀಲಿಯವರನ್ನು ಬೇರೆ ರಟ್ಟಿಗೆ ಅಂಟಿಸಿ ಕತ್ತರಿಸಿದೆ. ಕಾಯಿ ಗಟ್ಟಿಯಾಯಿತು, ಫ್ಯಾನಿಗೆ ಜಗ್ಗಲಿಲ್ಲ. ಗೆಳೆಯ ಮಾತ್ರ ಒಂದನ್ನು ತಿರುಗಿಸಿ ನೋಡಿ, "ಇದೇನ್ರೀ, ಫಿರಂಗಿ ಹಿಂದೆ 'ಸಕುಟುಂಬ ಸಪರಿವಾರ' ಅಂತಿದೆ!" ಎಂದು ಹೊಟ್ಟೆ ಹಿಡಿದು ನಕ್ಕ.

ಆಟ ಶುರುವಾಯಿತು. ನನ್ನ ಕುದುರೆ ದಳವೊಂದು ಸತ್ತಿತು. ಗೆಳೆಯ ಅದನ್ನೆತ್ತಿ ಸತ್ತವರ ಡಬ್ಬಿಗೆ ಎಸೆದ. ಕಾಯಿ ಮಗುಚಿ ಬಿತ್ತು. ಅಮ್ಮ ಚೀರಿದರು.

"ಅಯ್ಯೋ ಮಾರಾಯ, ಗಣಪತಿ!"

ಆ ಕುದುರೆಯ ಹಿಂದೆ ಗಣಪತಿಯ ಸೊಂಡಿಲಿತ್ತು. ಆಮಂತ್ರಣದ ತಲೆಯಲ್ಲಿದ್ದ ಗಣಪತಿ ಕತ್ತರಿಗೆ ಸಿಕ್ಕಿ ಇಡೀ ಸೈನ್ಯದಲ್ಲಿ ಹಂಚಿಹೋಗಿದ್ದ. ಅಮ್ಮ ಎಲ್ಲ ಕಾಯಿ ಮಗುಚಿ ನೋಡಿ ಅಲ್ಲೇ ಕಾನೂನು ಮಾಡಿದರು. "ದೇವರಿದ್ದದ್ದು ಸಾಯ್ಲಿಕ್ಕೆ ಇಲ್ಲ. ಎಸೀಲಿಕ್ಕೂ ಇಲ್ಲ. ಪೆಟ್ಟಾದ್ರೆ ನಂಗೆ ಕೊಡಿ."

ಅಂದಿನಿಂದ ಗಣಪತಿ ಇದ್ದ ಸೈನಿಕನಿಗೆ ಪೆಟ್ಟಾದರೆ ಅಮ್ಮ ಅವನನ್ನು ದೇವರ ಕೋಣೆಗೆ ಒಯ್ದು, ಕುಂಕುಮ ಹಚ್ಚಿ, ತಂದು ಮತ್ತೆ ನಕ್ಷೆಯ ಮೇಲಿಡುತ್ತಿದ್ದರು. ಗೆಳೆಯ ಎಷ್ಟು ಕೊಂದರೂ ನನ್ನವರು ಹಣೆಗೆ ಕುಂಕುಮ ಇಟ್ಟುಕೊಂಡು ಬರುತ್ತಲೇ ಇದ್ದರು. "ಇದೆಲ್ಲಿಯ ರೂಲ್ಸ್ ರೀ? ನನ್ನ ಪೆಟ್ಟಿಗೆಯ ಪುಸ್ತಕದಲ್ಲಿ ಇಂಥದ್ದು ಇರಕ್ಕೇ ಸಾಧ್ಯ ಇಲ್ಲ!" ಎಂದು ಕೂಗಾಡಿ, ಸೋತು, ಸಿಟ್ಟಿನಿಂದಲೇ ಲೋಕಲ್ ಹಿಡಿದ.

ಮುಂದಿನ ವಾರ ಹೇಳಿದ ಹೊತ್ತಿಗಿಂತ ಮೊದಲೇ ಬಂದ. ಬಂದವನೇ ಕೆಂಪು ಸೈನ್ಯದ ಕಡೆ ಕೂತ.

ತಪಾಸಣೆ

ಒಮ್ಮೆ ಆಟ ಅವನ ಮನೆಯಲ್ಲೇ ಎಂದಾಯಿತು. ಪೆಟ್ಟಿಗೆಯ ಆಸೆಯಿಂದ ನಾನೂ ಒಪ್ಪಿದೆ. ಆದರೂ ನಂಬಿಕೆ ಸಾಲದೆ ನನ್ನ ನಕ್ಷೆಯನ್ನೇ ಸುತ್ತಿ ಕಂಕುಳಲ್ಲಿಟ್ಟುಕೊಂಡು ಹೊರಟೆ. ಥಾಣೆ ರೈಲು ನಿಲ್ದಾಣದಲ್ಲಿ ಇಳಿದು ನೆರೂಳದ ಗಾಡಿಗೆ ಹೋಗುವಾಗ ಪೊಲೀಸನೊಬ್ಬ ತಡೆದ. ಬಿಚ್ಚಿಸಿದ. ಸೇತುವೆ, ಕೋಟೆ, ಅದರ ಮೇಲೆಲ್ಲ ನಾನು ಪೆನ್ನಿನಲ್ಲಿ ಎಳೆದ ಬಾಣದ ಗುರುತುಗಳು.

"ಹೇ ಕಾಯ್ ಆಹೇ?" ಇದೇನು ಎಂದ, ದನಿ ಗಡುಸಾಗಿ.

"ಯುದ್ಧ" ಅಂದೆ. ಅವನು ಸಾಹೇಬರನ್ನು ಕರೆತಂದ. ಸಾಹೇಬರು ಕನ್ನಡಕ ಏರಿಸಿ, ವಕ್ರವಾಗಿ ಅಂಟಿದ ಹಾಳೆಗಳನ್ನು ನೋಡಿದರು, ನಡುವೆಯೇ ಬತ್ತಿದ ನದಿಯನ್ನು ನೋಡಿದರು, ನನ್ನನ್ನೂ ಒಮ್ಮೆ ನೋಡಿದರು. "ಜಾಊ ದೇ ರೇ. ಹಾ ಕಾಯ್ ಹಲ್ಲಾ ಕರಣಾರ್!" ಬಿಡೋ, ಇವನೆಂಥ ದಾಳಿ ಮಾಡಿಯಾನು ಎಂದು ಕೈಬೀಸಿ ಹೋದರು.

ಈ ಅವಮಾನವನ್ನು ಗೆಳೆಯನ ಹತ್ತಿರ ತೋಡಿಕೊಂಡೆ. ಅವನು ಶೋಕೇಸಿನತ್ತ ಹೆಮ್ಮೆಯಿಂದ ನೋಡಿದ. "ಅದೇ ನನ್ನ ಪೆಟ್ಟಿಗೆ ಆಗಿದ್ದಿದ್ರೆ ಖಂಡಿತ ಅರೆಸ್ಟ್ ಮಾಡ್ತಿದ್ರು ಕಣ್ರೀ."

ಪೆಟ್ಟಿಗೆ ಅಂದೂ ತೆರೆಯಲಿಲ್ಲ.

ಗೃಹಪ್ರವೇಶ

ವರ್ಷಗಳು ಹೋದವು. ಲೋಡ್ ಶೆಡ್ಡಿಂಗ್ ನಿಂತಿತು. ಗೆಳೆಯ ನೆರೂಳದಲ್ಲೇ ಸ್ವಂತ ಫ್ಲ್ಯಾಟ್ ತೆಗೆದುಕೊಂಡ. ಗೃಹಪ್ರವೇಶಕ್ಕೆ ಅಮ್ಮನನ್ನೂ ಕರೆದುಕೊಂಡು ಹೋದೆ. ಊಟವಾದ ಮೇಲೆ ಹೆಂಗಸರೆಲ್ಲ ಒಳಗೆ ಕೂತು ಬಂದ ಉಡುಗೊರೆಗಳನ್ನು ಬಿಚ್ಚತೊಡಗಿದರು. ಶೋಕೇಸ್ ಇನ್ನೂ ಜೋಡಿಸಿರಲಿಲ್ಲ. ಪೆಟ್ಟಿಗೆಯನ್ನು ಯಾರೋ ಅದೇ ರಾಶಿಯ ಮೇಲೆ ಇಟ್ಟಿದ್ದರು.

ನಾನೂ ಗೆಳೆಯನೂ ಬಾಗಿಲಿಗೆ ಬರುವಾಗ ಅಮ್ಮ ಈಳಿಗೆಮಣೆಗೆ ಪ್ಲಾಸ್ಟಿಕ್ ಕೊಟ್ಟು ಸರ್ರನೆ ಎಳೆದಾಗಿತ್ತು. ಗೆಳೆಯನ ಬಾಯಿಂದ ಎಂಥದೋ ಸದ್ದು ಬಂತು. ನನಗೆ ಖುಷಿ ತಡೆಯಲಾಗಲಿಲ್ಲ, ಸುಳ್ಳೇಕೆ ಹೇಳಲಿ. ಕೊನೆಗೂ ಆ ದಪ್ಪ ಕಾಯಿಗಳು!

ಅಮ್ಮ ಕಾಯಿಗಳ ಹಾಳೆಗಳನ್ನೆತ್ತಿ, ಉಡುಗೊರೆಗೆ ಎರಡು ಗಡಿಯಾರ ಬಂದವರ ಮನೆಯಲ್ಲಿ ಹೇಳುವಂತೆಯೇ ಹೇಳಿದರು. "ಛೆ, ಒಂದೇ ಥರದ್ದು ಎರಡು ಕೊಟ್ಟಿದ್ದಾರಲ್ಲ ಮಗಾ."

ಗೆಳೆಯ ಕಸಿದುಕೊಂಡು ನೋಡಿದ. ನೀಲಿ ಸೈನ್ಯ. ಇನ್ನೊಂದು ಹಾಳೆಯೂ ನೀಲಿ ಸೈನ್ಯ. ಕೆಂಪಿನವರು ಇಲ್ಲವೇ ಇಲ್ಲ. ಕಟ್ಟುವಾಗ ಯಾರೋ ತಪ್ಪಿ ಹಾಕಿದ್ದರು. ಬದಲಾಯಿಸಿ ಕೊಡಿ ಎಂದು ಕೇಳೋಣವೆಂದರೆ ಆ ಕಂಪನಿ ಯಾವತ್ತೋ ಬಾಗಿಲು ಹಾಕಿತ್ತು. ಇಂಟರ್ನೆಟ್ಟಿನಲ್ಲಿದ್ದ ಹಾಳೆಗಳೂ ಅದರ ಜೊತೆಗೇ ಮಾಯವಾಗಿದ್ದವು, ನನ್ನ ಪೆನ್ ಡ್ರೈವ್ ಕೆಟ್ಟು ವರ್ಷಗಳಾಗಿದ್ದವು. ಇಷ್ಟು ವರ್ಷ ಶೋಕೇಸಿನಲ್ಲಿ ಮೆರೆದದ್ದು ಶತ್ರುವೇ ಇಲ್ಲದ ಯುದ್ಧ.

ಅವನ ಮುಖ ನೋಡಿ ನನಗೆ ನಿಜವಾಗಿಯೂ ಪಾಪ ಅನಿಸಿತು. ಮುಂದಿನ ಭಾನುವಾರ ಪೆಟ್ಟಿಗೆ ಹೊತ್ತುಕೊಂಡು ಡೊಂಬಿವಿಲಿಗೆ ಬಂದ. "ನಿಮ್ಮ ಕೆಂಪು ಸೈನ್ಯ ಕೊಡ್ರೀ, ನನ್ನ ನಕ್ಷೆ ಮೇಲೆ ಆಡೋಣ" ಅಂದ. ಸಂಭ್ರಮದಿಂದ ಹಾಸಿದೆವು. ಝೆರಾಕ್ಸಿನವನು ಹಿಗ್ಗಿಸಿದ ನನ್ನ ಫಿರಂಗಿ ಅವನ ನಕ್ಷೆಯಲ್ಲಿ ನಾಲ್ಕು ಮನೆ ತುಂಬಿ ಕೂತಿತು. ಕುದುರೆ ಇಟ್ಟರೆ ಕೋಟೆಯೇ ಕಾಣಲಿಲ್ಲ.

ಗೆಳೆಯ ತನ್ನ ನಕ್ಷೆ ಮಡಚಿದ. ನನ್ನ ಬತ್ತಿದ ನದಿಯನ್ನೇ ಬಿಡಿಸಿದೆವು. ಫ್ಯಾನಿನ ಗಾಳಿಗೆ ಅದರ ಮೂಲೆ ಪಟಪಟ ಎದ್ದಿತು. ಅಮ್ಮ ಅತ್ತಿತ್ತ ನೋಡಿ, ಪೆಟ್ಟಿಗೆಯನ್ನೆತ್ತಿ ಆ ಮೂಲೆಯ ಮೇಲೆ ಇಟ್ಟರು. ಮೂಲೆ ಅಲುಗಲಿಲ್ಲ. ಅಮ್ಮನಿಗೆ ಬಹಳ ಮೆಚ್ಚುಗೆಯಾಯಿತು.

"ಒಳ್ಳೆ ಭಾರ ಉಂಟು ಮಾರಾಯ" ಎಂದು ಗೆಳೆಯನ ಬೆನ್ನು ತಟ್ಟಿದರು. "ಇನ್ನೂ ಮೂರು ತರಿಸು. ನಾಲ್ಕು ಮೂಲೆಗೂ ಆಯ್ತು."